ಕೆಂಪು ನೀರು ಎಲ್ಲಿಂದ ಬಂತು?

ಕೇಳುಗರಿಗೆ ನಮಸ್ಕಾರ.

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಹಳ್ಳಕ್ಕೆ ಕೆಂಪು ನೀರು ಬಂತೆಂದರೆ ಊರಿಗೆ ಊರೇ ಕೆರೆ ಏರಿಯ ಮೇಲೆ ಬಂದು ನಿಲ್ಲುತ್ತದೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಸೀಮೆ ನಮ್ಮದು, ಹೊಸ ನೀರು ನೋಡಿ ಹಿಗ್ಗುವುದು ಸಹಜವೇ. ನಂದಿ ಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿದ್ದೇವೆ. ಹುಟ್ಟುವ ಜಾಗದಲ್ಲಿ ಮಾತ್ರ ಅವು ಮಳೆ ಬಂದಾಗ ಹರಿದು ಆಮೇಲೆ ಒಣಗುವ ಹಳ್ಳಗಳು. ತುಮಕೂರು ಕಡೆ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ, ಶಿಂಷಾ ನದಿಗಳ ಮಾತೂ ಇದೇ. ಹಳ್ಳ ಕೆಟ್ಟರೆ ಕೆರೆ ಕೆಡುತ್ತದೆ, ಕೆರೆ ಕೆಟ್ಟರೆ ಬೋರ್‌ವೆಲ್ ಒಣಗುತ್ತದೆ. ಇವತ್ತು ಆ ನೀರಿನ ಬಣ್ಣದ ಬಗ್ಗೆ, ಅದು ಎಲ್ಲಿಂದ ಬರುತ್ತದೆ, ಎಲ್ಲಿ ತಡೆಯಬೇಕು ಎಂಬುದರ ಬಗ್ಗೆ ಮಾತನಾಡುತ್ತೇನೆ.

ಹಿಂದೆ ಹಳ್ಳಕ್ಕೆ ಬರುತ್ತಿದ್ದ ಕೆಂಪು ಹೊಲದ ಮೇಲ್ಮಣ್ಣಿನದು. ಕೆರೆಯಲ್ಲಿ ಕೂತ ಆ ಗೋಡನ್ನು ರೈತರು ಬೇಸಿಗೆಯಲ್ಲಿ ಗಾಡಿ ಕಟ್ಟಿ ಹೊಲಕ್ಕೆ ಹೊಡೆಯುತ್ತಿದ್ದರು. ಈಗ ಬರುವ ಮಣ್ಣು ಬೇರೆ. ಬೆಟ್ಟದ ಬುಡದಲ್ಲಿ, ಹೆದ್ದಾರಿ ಪಕ್ಕದಲ್ಲಿ ಲೇಔಟ್‌ಗೆಂದು ಜೆಸಿಬಿ ಆರು ಅಡಿ, ಎಂಟು ಅಡಿ ಕಡಿದಾಗ ಹೊರಬರುವುದು ಕೆಳಗಿನ ಜೇಡಿ, ಮೊರಂ. ಅದರಲ್ಲಿ ಸತ್ವ ಇಲ್ಲ, ಹೊಲಕ್ಕೆ ಹೊಡೆಯಲು ಯಾವ ರೈತನೂ ಕೇಳುವುದಿಲ್ಲ. ಅದರ ನುಣ್ಣನೆಯ ಜೇಡಿ ಕೆರೆಯ ತಳಕ್ಕೆ ಸಾರಿಸಿದ ಹಾಗೆ ಮೆತ್ತಿಕೊಂಡು ಇಂಗುವ ದಾರಿಯನ್ನೇ ಮುಚ್ಚುತ್ತದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿರುವ ಜಿಲ್ಲೆಗಳಲ್ಲಿ, ಕೆರೆ ತುಂಬಿದ್ದರೂ ಪಕ್ಕದ ತೋಟದ ಬೋರ್‌ವೆಲ್‌ಗೆ ನೀರು ಇಳಿಯದೆ ಹೋಗಲು ಇದೂ ಒಂದು ಕಾರಣ.

ಒಂದು ಲೆಕ್ಕ ನಿಧಾನವಾಗಿ ಹೇಳುತ್ತೇನೆ. ಒಂದು ಎಕರೆ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಅದು 40 ಸಾವಿರ ಲೀಟರ್ ನೀರು. ಐದು ಎಕರೆ ಲೇಔಟ್ ಮೇಲೆ ಹಸ್ತ ಮಳೆ ಒಂದೇ ರಾತ್ರಿ ಐದು ಸೆಂಟಿಮೀಟರ್ ಹೊಡೆದರೆ 10 ಲಕ್ಷ ಲೀಟರ್. ಹುಲ್ಲು, ಪೊದೆ ಇದ್ದ ನೆಲ ಅದರಲ್ಲಿ ಒಳ್ಳೆಯ ಪಾಲನ್ನು ಕುಡಿದುಕೊಳ್ಳುತ್ತದೆ. ರೋಲರ್ ಓಡಾಡಿದ ಬೋಳು ನೆಲ ಕುಡಿಯುವುದು ಬಹಳ ಕಡಿಮೆ, ಉಳಿದದ್ದನ್ನೆಲ್ಲ ಮಣ್ಣು ಸಮೇತ ಹಳ್ಳಕ್ಕೆ ದೂಡುತ್ತದೆ. ಒಂದು ಎಕರೆಯಿಂದ ಒಂದು ಮಿಲಿಮೀಟರ್ ಮಣ್ಣು, ಅಂದರೆ ಸುಮಾರು ಒಂದು ರಾಗಿ ಕಾಳಿನಷ್ಟು ದಪ್ಪ, ಕೊಚ್ಚಿ ಹೋದರೆ ನಾಲ್ಕು ಘನ ಮೀಟರ್. ನೂರು ಘನ ಅಡಿಯ ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ ಸುಮಾರು ಒಂದೂವರೆ ಲೋಡು. ಕಣ್ಣಿಗೆ ಕಾಣದಷ್ಟು ತೆಳು ಪದರ ಅದು.

ಈ ಮಣ್ಣಿನ ಗುಣ ಗೊತ್ತಾಗಬೇಕಾದರೆ ಒಂದು ಲೀಟರಿನ ಬಣ್ಣವಿಲ್ಲದ ಬಾಟಲಿ ಸಾಕು. ಲೇಬಲ್ ಕಿತ್ತು ಹಾಕಿ. ಮಳೆ ಹೊಡೆದು ಹಳ್ಳ ಏರುತ್ತಿರುವಾಗ ದಡದ ಮೇಲೇ ನಿಂತು, ಉದ್ದನೆಯ ಕೋಲಿಗೆ ಚೊಂಬು ಕಟ್ಟಿ ನೀರು ಮೊಗೆಯಿರಿ. ನೀರಿಗೆ ಇಳಿಯಬೇಡಿ. ಬಾಟಲಿ ತುಂಬಿ, ಅಲುಗಿಸಿ, ಜಗುಲಿಯ ಮೇಲೆ ಇಡಿ. ಒಂದು ನಿಮಿಷದೊಳಗೆ ತಳದಲ್ಲಿ ಮರಳು ಕೂರುತ್ತದೆ. ಓರೆ ಮಾಡಿದರೆ ಜಾರುತ್ತದೆ, ನಡುವೆ ಕಾಗೆಬಂಗಾರದ ಚೂರು ಮಿಣುಗುತ್ತವೆ. ಒಂದು ಗಂಟೆಯಲ್ಲಿ ಮರಳಿನ ಮೇಲೆ ಹಿಟ್ಟಿನಂಥ ಕಂದು ಪದರ ಬೆರಳಗಲ ಏರುತ್ತದೆ. ಆಮೇಲೆ ಎಲ್ಲ ನಿಂತುಹೋಗುತ್ತದೆ. ಮೇಲಿನ ನೀರು ಹಾಲು ಬೆರೆಸಿದ ಟೀ ಬಣ್ಣದಲ್ಲಿ ಮಾರನೆಯ ಬೆಳಗ್ಗೆಯೂ ಹಾಗೇ ಇರುತ್ತದೆ.

ಕಾರಣ ಕಣದ ಗಾತ್ರ. ಮಿಲಿಮೀಟರಿನ ಐವತ್ತರಲ್ಲಿ ಒಂದು ಭಾಗದಷ್ಟಿರುವ ನಯ ಮಣ್ಣು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಮುಕ್ಕಾಲು ಗಂಟೆ ಸಾಕು. ಐನೂರರಲ್ಲಿ ಒಂದು ಭಾಗದಷ್ಟಿರುವ ಜೇಡಿಗೆ ಅದೇ ಒಂದು ಮೀಟರಿಗೆ ಮೂರು ದಿನ ಬೇಕು. ಹಳ್ಳದಲ್ಲಿ ನೀರು ಮೂರು ದಿನ ನಿಲ್ಲುವುದಿಲ್ಲ. ಹಾಗಾಗಿ ಒಂದು ಗುಂಡಿ ತೋಡಿದ್ದೇವೆ, ಎಲ್ಲ ಅಲ್ಲೇ ನಿಲ್ಲುತ್ತದೆ ಎಂದು ಲೇಔಟ್‌ನವರು ಹೇಳಿದರೆ ಅದು ಅರ್ಧ ಮಾತ್ರ ನಿಜ. ಗುಂಡಿಯಲ್ಲಿ ಮರಳು, ನಯ ಮಣ್ಣು ನಿಲ್ಲುತ್ತವೆ, ಜೇಡಿ ದಾಟಿ ಹೋಗುತ್ತದೆ. ಜೇಡಿಯನ್ನು ತಡೆಯುವ ಜಾಗ ಒಂದೇ, ಅದು ಇಳಿಜಾರಿನ ಮೇಲೆ, ಮಳೆ ಹನಿ ನೆಲಕ್ಕೆ ಬಡಿಯುವ ಕಡೆ.

ಆದ್ದರಿಂದ ಮೊದಲ ಕೆಲಸ ನೆಲ ಮುಚ್ಚುವುದು. ಹತ್ತು ಎಕರೆಯನ್ನೂ ಒಂದೇ ಸಲ ಬೋಳಿಸಬಾರದು. ರಸ್ತೆ, ಚರಂಡಿ ಮುಗಿಸಲು ಆಗುವಷ್ಟು ಮಾತ್ರ ತೆರೆದು, ಅದನ್ನು ಮುಚ್ಚಿ ಮುಂದಕ್ಕೆ ಹೋಗಬೇಕು. ನಮ್ಮಲ್ಲಿ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎರಡು ತಿಂಗಳಲ್ಲಿ ಹೊಸದಾಗಿ ಗುಡ್ಡ ಕಡಿಯುವುದನ್ನು ನಿಲ್ಲಿಸಿದರೂ ಹಳ್ಳಕ್ಕೆ ದೊಡ್ಡ ಉಪಕಾರ. ಹೊರದೇಶದ ಕೈಪಿಡಿಗಳಲ್ಲಿ ಹುಲ್ಲು ಹಾಸಿ ಎಂದು ಬರೆದಿರುತ್ತದೆ. ನಮ್ಮ ಕಡೆ ರಾಗಿ ಹುಲ್ಲು ದನಕ್ಕೆ ಬೇಕು, ಅದನ್ನು ಲೇಔಟ್ ಮೇಲೆ ಹಾಸುವುದು ಸರಿಯಲ್ಲ. ಹುರುಳಿ ಬಿತ್ತಿ. ಬೆಳೆಗೆ ಬಿತ್ತುವುದಕ್ಕಿಂತ ದಟ್ಟವಾಗಿ, ಎಕರೆಗೆ 18ರಿಂದ 20 ಕೆ.ಜಿ. ಎರಚಿ. ಗಟ್ಟಿ ನೆಲದ ಮೇಲೆ ಹಾಗೇ ಎರಚಿದರೆ ಬೀಜ ನೀರಿನ ಜೊತೆ ಹೋಗುತ್ತದೆ. ಮೊದಲು ಎರಡು ಅಂಗುಲ ಕೆದಕಿ, ಕೆಲಸ ಶುರುವಾಗುವ ಮುಂಚೆ ಕೆರೆದು ಗುಡ್ಡೆ ಹಾಕಿಟ್ಟ ಮೇಲ್ಮಣ್ಣನ್ನು ತೆಳ್ಳಗೆ ಹರಡಿ. ಒಂದು ತಿಂಗಳು, ಒಂದೂವರೆ ತಿಂಗಳಲ್ಲಿ ಬಳ್ಳಿ ನೆಲ ಹಿಡಿಯುತ್ತದೆ. ಅಷ್ಟು ದಿನ ಆಡು ಕುರಿ ಬಿಡಬಾರದು. ಬಹಳ ಕಡೆ ಕೆಡುವುದು ಇಲ್ಲೇ. ತುಮಕೂರಿನ ತೆಂಗಿನ ಸೀಮೆಯಲ್ಲಿ ಗರಿ ಹಾಸಬಹುದು. ಕಡಿದಾದ ಅಂಚಿಗೆ ಲಾವಂಚವನ್ನು ಅರ್ಧ ಅಡಿಗೊಂದರಂತೆ ಸಮಪಾತಳಿಯ ಸಾಲಿನಲ್ಲಿ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ, ನೆಡಿ.

ಮೇಲಿನ ಗುಡ್ಡದಿಂದ ಬರುವ ತಿಳಿ ನೀರು ಲೇಔಟ್‌ಗೆ ನುಗ್ಗದಂತೆ ಬದು ಹಾಕಿ ಪಕ್ಕಕ್ಕೆ ತಿರುಗಿಸಬೇಕು. ತಿಳಿ ನೀರು, ಕೆಸರು ನೀರು ಒಂದಾದ ಮೇಲೆ ಯಾವ ಗುಂಡಿಯೂ ಸಾಲುವುದಿಲ್ಲ.

ಇನ್ನು ಗುಂಡಿಯ ಅಳತೆ. ಎಕರೆಗೆ ಕನಿಷ್ಠ 50 ಘನ ಮೀಟರ್ ಬೇಕು, 100 ಆದರೆ ಒಳ್ಳೆಯದು. ಐದು ಎಕರೆಗೆ ಕನಿಷ್ಠ ಲೆಕ್ಕದಲ್ಲಿ 80 ಅಡಿ ಉದ್ದ, 23 ಅಡಿ ಅಗಲ, 5 ಅಡಿ ಆಳ. ಚೌಕ ಗುಂಡಿ ಬೇಡ, ಉದ್ದ ಅಗಲದ ಮೂರು ಪಟ್ಟು ಇರಲಿ. ನೀರು ಒಂದು ತುದಿಯಲ್ಲಿ ಬಂದು ಇನ್ನೊಂದು ತುದಿಯಲ್ಲಿ ಹೊರಗೆ ಹೋಗಬೇಕು. ಬರುವ ಬಾಯಿ, ಹೋಗುವ ಬಾಯಿ ಅಕ್ಕಪಕ್ಕದಲ್ಲಿದ್ದರೆ ನೀರು ಗುಂಡಿಯಲ್ಲಿ ತಿರುಗದೆ ನೇರ ಹೊರಟುಹೋಗುತ್ತದೆ. ಹೋಗುವ ಕಡೆ ಕಲ್ಲು ಜೋಡಿಸಿದ ಕೋಡಿ, ಅದು ಏರಿಗಿಂತ ಒಂದು ಅಡಿ ತಗ್ಗು. ಮಧ್ಯೆ ಒಂದು ಗೂಟ ನೆಟ್ಟು ಅರ್ಧ ಆಳಕ್ಕೆ ಬಣ್ಣ ಬಳಿಯಿರಿ. ಹೂಳು ಬಣ್ಣ ಮುಟ್ಟಿದ ದಿನ ಎತ್ತಲೇಬೇಕು. ಸುತ್ತ ಮುಳ್ಳುಬೇಲಿ ಹಾಕದೆ ಬಿಡಬೇಡಿ, ಮಕ್ಕಳು ಈಜಲು ಬರುತ್ತಾರೆ.

ಹೂಳುತಡೆ ಬಟ್ಟೆ ಕಟ್ಟುವುದನ್ನು ಈಗ ಅಲ್ಲಲ್ಲಿ ಮಾಡುತ್ತಾರೆ. ತಪ್ಪಾಗಿ ಕಟ್ಟಿದ್ದೇ ಹೆಚ್ಚು. ನೀರು ಜಿನುಗುವ ನೇಯ್ದ ಬಟ್ಟೆ ಬೇಕು, ಅಂಗಡಿಯಲ್ಲಿ ಜಿಯೋಟೆಕ್ಸ್‌ಟೈಲ್ ಎಂದು ಕೇಳಿ. ಶೇಡ್‌ನೆಟ್‌ನಲ್ಲಿ ನಯ ಮಣ್ಣು ನಿಲ್ಲುವುದಿಲ್ಲ. ಟಾರ್ಪಾಲಿನ್ ಕಟ್ಟಿದರೆ ನೀರು ನಿಂತು ನಿಂತು ಗೂಟ ಸಮೇತ ಮಗುಚುತ್ತದೆ. ಆರು ಅಡಿಗೊಂದು ಗೂಟ, ನೆಲದ ಮೇಲೆ ಎರಡು ಅಡಿ ಎತ್ತರ, ಕೆಳಗಿನ ಅಂಚು ಅರ್ಧ ಅಡಿ ಕಂದಕದಲ್ಲಿ ಹೂತು ಮಣ್ಣು ತುಳಿದಿರಬೇಕು. ಹೂಳದಿದ್ದರೆ ಮೊದಲ ಮಳೆಗೇ ನೀರು ಅಡಿಯಿಂದ ತೋಡಿಕೊಂಡು ಹೋಗುತ್ತದೆ. ಸಮಪಾತಳಿಯಲ್ಲಿ ಕಟ್ಟಿ, ಎರಡೂ ತುದಿಯನ್ನು ಮೇಲ್ಮುಖವಾಗಿ ಬಾಗಿಸಿ. ನೂರು ಅಡಿ ಬಟ್ಟೆ ಹತ್ತು ಗುಂಟೆಯ ನೀರು ತಡೆಯುತ್ತದೆ, ಅದಕ್ಕಿಂತ ಹೆಚ್ಚಲ್ಲ. ಹಳ್ಳಕ್ಕೆ ಅಡ್ಡಲಾಗಿ ಯಾವತ್ತೂ ಕಟ್ಟಬೇಡಿ.

ಕೊರಕಲಿಗೆ ಬೇಕಾದ್ದು ಕಲ್ಲಿನ ತಡೆ. ನಡುವೆ ಎರಡು ಅಡಿ ಎತ್ತರ, ಎರಡು ಪಕ್ಕ ಅದಕ್ಕಿಂತ ಅರ್ಧ ಅಡಿ ಮೇಲೆ, ಕಲ್ಲು ದಡದೊಳಗೆ ಒಂದೂವರೆ ಅಡಿ ಸೇರಿರಬೇಕು. ನಡು ಎತ್ತರವಾದರೆ ನೀರು ದಡವನ್ನು ಕೊರೆದು ಸುತ್ತಿ ಹೋಗುತ್ತದೆ, ತಡೆ ದ್ವೀಪದ ಹಾಗೆ ಉಳಿಯುತ್ತದೆ. ಮೇಲಿನ ತಡೆಯ ಬುಡ, ಕೆಳಗಿನ ತಡೆಯ ನೆತ್ತಿ ಒಂದೇ ಮಟ್ಟದಲ್ಲಿರಲಿ. ನೂರು ಅಡಿಗೆ ನಾಲ್ಕು ಅಡಿ ಇಳಿಜಾರಿದ್ದರೆ ಐವತ್ತು ಅಡಿಗೊಂದು ತಡೆ ಬಂತು.

ಟಿಪ್ಪರ್ ಹೊರಬರುವ ಬಾಯಿಗೆ ಐವತ್ತು ಅಡಿ ಉದ್ದಕ್ಕೆ, ಅರ್ಧ ಅಡಿ ದಪ್ಪಕ್ಕೆ ದಪ್ಪ ಜಲ್ಲಿ ಹಾಕಿ, ಚಕ್ರದ ಮಣ್ಣು ಅಲ್ಲೇ ಉದುರುತ್ತದೆ. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರನ್ನು ಚರಂಡಿಗೆ ಬಿಡುವುದು ಮಾತ್ರ ಕ್ಷಮಿಸಲಾಗದ ಕೆಲಸ. ಅದರ ಪಿಎಚ್ 12ರ ಹತ್ತಿರ, ಸುಣ್ಣದ ನೀರಿದ್ದ ಹಾಗೆ, ಮೀನಿನ ಕಿವಿರನ್ನೇ ಸುಡುತ್ತದೆ. ಪ್ಲಾಸ್ಟಿಕ್ ಹಾಸಿದ ಗುಂಡಿಗೆ ಬಿಟ್ಟು, ಒಣಗಿದ ಮೇಲೆ ಗಟ್ಟಿಯನ್ನು ಎತ್ತಿ ಹಾಕಬೇಕು.

ಇಷ್ಟು ಲೇಔಟ್‌ನವರ ಕೆಲಸ. ಊರಿನವರ ಕೆಲಸ ಹಳ್ಳದ ಗುರುತು ಹಿಡಿಯುವುದರಿಂದ ಶುರು. ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ ಕಾಣುತ್ತವೆ. ಅವು ಸಾಮಾನ್ಯವಾಗಿ ಬಿ ಖರಾಬು, ಯಾರ ಹಿಡುವಳಿಯೂ ಅಲ್ಲ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ನೋಡಬಹುದು, ಆದರೆ ಗಡಿ ನಿರ್ಧರಿಸಲು ಅದು ಸಾಲದು, ಸರ್ವೆಯರ್ ಬಂದು ಅಳೆಯಬೇಕು. ಹಳೆಯ ಸರ್ವೆ ಟಿಪ್ಪಣಿಯಲ್ಲಿ ಅಳತೆ ಸರಪಳಿ, ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. ಹಳ್ಳದ ಅಗಲ ಎಂಟು ಆಣೆ ಎಂದಿದ್ದರೆ ಹದಿನಾರೂವರೆ ಅಡಿ. ಆ ಜಾಗದಲ್ಲಿ ಎರಡು ಅಡಿಯ ಸಿಮೆಂಟ್ ಪೈಪ್ ಹಾಕಿ ಮೇಲೆ ಮಣ್ಣು ಮುಚ್ಚಿದ್ದರೆ, ಮೊದಲ ದೊಡ್ಡ ಮಳೆಗೆ ಪೈಪ್ ಕಟ್ಟಿಕೊಂಡು ನೀರು ಪಕ್ಕದ ರಾಗಿ ಹೊಲಕ್ಕೆ ನುಗ್ಗುತ್ತದೆ.

ಆಮೇಲೆ ಎರಡು ಬಾಟಲಿ. ಒಂದು ಲೇಔಟ್‌ನ ಚರಂಡಿ ಸೇರುವ ಜಾಗದ ಮೇಲೆ, ಇನ್ನೊಂದು ಅದರ ಕೆಳಗೆ, ಎರಡೂ ಅದೇ ಅರ್ಧ ಗಂಟೆಯೊಳಗೆ ತುಂಬಿಸಿದ್ದು. ಕೆಳಗಿನದೊಂದನ್ನೇ ತೋರಿಸಿದರೆ ಮಣ್ಣು ಮೇಲಿನಿಂದಲೇ ಬಂತು ಎಂದು ಜಾರಿಕೊಳ್ಳುತ್ತಾರೆ. ಪಕ್ಕಪಕ್ಕದಲ್ಲಿಟ್ಟು ದಿನಾಂಕ, ಗಂಟೆ ಬರೆದ ಚೀಟಿಯ ಜೊತೆ ಫೋಟೋ ತೆಗೆಯಿರಿ. ಒಂದು ಗಂಟೆ ಬಿಟ್ಟು ತಳದ ಹೂಳನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ.

ಅರ್ಜಿಯನ್ನು ಎಲ್ಲರಿಗೂ ಒಂದೇ ಒಕ್ಕಣೆಯಲ್ಲಿ ಹಾಕಿದರೆ ಯಾರೂ ಹಚ್ಚಿಕೊಳ್ಳುವುದಿಲ್ಲ. ಹಳ್ಳ ಒತ್ತುವರಿಯಾದರೆ ತಹಶೀಲ್ದಾರರಿಗೆ. ನೀರು ಮಲಿನವಾದರೆ 1974ರ ಜಲ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ. ಕೆರೆಯ ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಜಿಲ್ಲಾ ಪಂಚಾಯಿತಿ. ಲೇಔಟ್‌ನ ಮಂಜೂರಾದ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳಿ, 30 ದಿನದೊಳಗೆ ಉತ್ತರ ಬರಬೇಕು. ನಕ್ಷೆಯಲ್ಲಿ ಹಳ್ಳದ ಪಕ್ಕ ಬಿಡಬೇಕಾದ ಜಾಗ ನಿಜವಾಗಿ ಬಿಟ್ಟಿದ್ದಾರೆಯೇ ಎಂದು ಟೇಪು ಹಿಡಿದು ನೋಡಿ. ಗ್ರಾಮಸಭೆಯ ನಡಾವಳಿಯಲ್ಲಿ ವಿಷಯ ದಾಖಲಾಗಿದ್ದರೆ ಅರ್ಜಿಗೆ ತೂಕ ಬರುತ್ತದೆ.

ಹಳ್ಳಕ್ಕೆ ಬೇರೆ ಕೇಡುಗಳೂ ಇವೆ. ಶಿಡ್ಲಘಟ್ಟದಂಥ ರೇಷ್ಮೆ ಊರುಗಳಲ್ಲಿ ಗೂಡು ಬೇಯಿಸಿದ ನೀರು ಚರಂಡಿ ಸೇರಿ ಕೊಳೆತು ನಾರುತ್ತದೆ. ಗೂಡಿನ ಅಂಟು ಕರಗಿರುವ ಆ ನೀರು ಹಳ್ಳದ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ. ಕೋಲಾರಕ್ಕೆ 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಲಕ್ಷ್ಮೀಸಾಗರ ಕೆರೆಯ ಮೂಲಕ ಬರುತ್ತಿರುವುದರಿಂದ ಅಲ್ಲಿನ ಕಾಲುವೆಗಳ ಕಾವಲು ಈಗ ಮಳೆಗಾಲಕ್ಕೆ ಮಾತ್ರ ಸೀಮಿತವಲ್ಲ. ಇವುಗಳಿಗೆ ಬೇರೆಯೇ ಪರೀಕ್ಷೆ ಬೇಕು, ಬಾಟಲಿ ಸಾಲದು.

ಕೊನೆಯದಾಗಿ, ಎತ್ತಿದ ಹೂಳಿನ ಮಾತು. ಅದನ್ನು ಹಳ್ಳದ ದಡದಲ್ಲಿ ಸುರಿದರೆ ಮುಂದಿನ ಮಳೆಗೆ ಮತ್ತೆ ಹಳ್ಳಕ್ಕೇ ಬರುತ್ತದೆ. ಲೇಔಟ್‌ನ ಒಳಗೇ ಹರಡಿ, ಮೇಲೆ ಹುರುಳಿ ಎರಚಿ. ಹಸಿರು ನೆಲ ಹಿಡಿದ ಮೇಲೆ ಹೂಳುತಡೆ ಬಟ್ಟೆಯನ್ನು ಗೂಟ ಸಮೇತ ಕಿತ್ತು ಮಡಚಿ ಒಳಗಿಡಿ. ಹಾಗೇ ಬಿಟ್ಟ ಬಟ್ಟೆ ಹರಿದು, ಹಳ್ಳದಲ್ಲಿ ತೇಲಿ, ಕೆರೆಯ ತೂಬಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಡಿಸಲು ನೀರುಗಂಟಿ ಮುಳುಗಬೇಕಾಗುತ್ತದೆ.

ನಮಸ್ಕಾರ.