ಮೊದಲು ಬಾಗಿಲು ಹಾಕ್ರೀ!

ನಮಸ್ಕಾರ ತುಮಕೂರು! ಗುಬ್ಬಿ, ಕೊರಟಗೆರೆ, ಮಧುಗಿರಿ, ಪಾವಗಡದಿಂದ ನೋಡುತ್ತಿರುವವರಿಗೂ ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಆದರೆ ಹೋದ ವಿಡಿಯೋ ಕೆಳಗೆ ಒಬ್ಬ ಮಹಾನುಭಾವ ಒಂದು ಕಾಮೆಂಟ್ ಹಾಕಿದ್ದಾನೆ. ಅದನ್ನು ಓದಿದ ಮೇಲೆ ಬೇರೆ ಏನೂ ತಲೆಗೆ ಹೋಗುತ್ತಿಲ್ಲ.

ಓದುತ್ತೇನೆ, ಕೇಳಿ. "ಅಣ್ಣ, ಬಸ್ ಬಾಗಿಲು ಮುಚ್ಚಬೇಕು ಅಂತ ಸುಮ್ನೆ ಕೊರೀಬೇಡಿ. ಬಾಗಿಲಲ್ಲಿ ನಿಂತರೆ ಒಳ್ಳೆ ಗಾಳಿ ಬರುತ್ತೆ. ನಾನು ಪಿಯುಸಿಯಿಂದ ಫುಟ್‌ಬೋರ್ಡಲ್ಲೇ ಓಡಾಡಿರೋದು, ಏನೂ ಆಗಿಲ್ಲ." ಮುಂದೆ ನಗುವ ಮುಖಗಳ ಸಾಲು. ನನ್ನ ವಿಡಿಯೋಗಿಂತ ಆ ಕಾಮೆಂಟಿಗೇ ಜಾಸ್ತಿ ಲೈಕ್ ಬಿದ್ದಿದೆ. ಅದು ಬೇರೆ ಹೊಟ್ಟೆಯುರಿ, ಬಿಡಿ.

ಏನೂ ಆಗಿಲ್ಲವಂತೆ. ಏನಾದರೂ ಆದವರು ಕಾಮೆಂಟ್ ಹಾಕುವುದಿಲ್ಲ ತಮ್ಮಾ. ಹಾಕುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ.

ಹಾಗಾಗಿ ಇವತ್ತೂ ಅದನ್ನೇ ಹೇಳುತ್ತೇನೆ. ಬಾಗಿಲು ಮುಚ್ಚದೆ ಬಸ್ ಹೊರಡಬಾರದು. ಬಸ್ ಪೂರ್ತಿ ನಿಲ್ಲದೆ ಬಾಗಿಲು ತೆಗೆಯಬಾರದು. ಇಷ್ಟೇ ನನ್ನ ತಕರಾರು. ಬೇರೆ ಚಾನೆಲ್‌ನವರು "ಬಸ್ಸಲ್ಲಿ ಸೇಫ್ ಆಗಿರಲು ಹದಿನೈದು ಟಿಪ್ಸ್" ಅಂತ ಹಾಕುತ್ತಾರೆ, ಹಿಂದೆ ಒಂದು ಮ್ಯೂಸಿಕ್ಕು. ನನ್ನ ಹತ್ತಿರ ಇರುವುದು ಒಂದೇ ಟಿಪ್ಪು.

ಯಾಕೆ ಅಂತ ಒಂದು ಸಲ ಸರಿಯಾಗಿ ಹೇಳಿಬಿಡುತ್ತೇನೆ. ಬಸ್ ಎಡಕ್ಕೆ ತಿರುಗುವುದನ್ನು ಯಾವತ್ತಾದರೂ ನಿಂತು ನೋಡಿದ್ದೀರಾ? ಮುಂದಿನ ಚಕ್ರ ಹೋದ ದಾರಿಯಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ. ಇನ್ನೂ ಒಳಗೆ, ಫುಟ್‌ಪಾತ್ ಕಡೆಗೆ ಒತ್ತಿಕೊಂಡು ಬರುತ್ತದೆ. ನಮ್ಮಲ್ಲಿ ಬಾಗಿಲು ಇರುವುದೂ ಎಡಕ್ಕೇ. ಹಿಂದಿನ ಚಕ್ರಕ್ಕಿಂತ ಮುಂದೆ ಇರುವ ಬಾಗಿಲಿನಿಂದ ಬಿದ್ದವನು ಸೀದಾ ಹೋಗುವುದು ಆ ಚಕ್ರದ ದಾರಿಗೆ. ಡ್ರೈವರ್ ಕೂತಿರುವುದು ಬಲಕ್ಕೆ. ಬಾಗಿಲ ತುಂಬ ಜನ ಇದ್ದರೆ ಎಡಗಡೆ ಕನ್ನಡಿಯಲ್ಲಿ ಅವನಿಗೆ ಕಾಣುವುದು ಬರೀ ಬೆನ್ನು ಮತ್ತು ಬ್ಯಾಗು. ಯಾರೋ ಬಿದ್ದರು ಅಂತ ಗೊತ್ತಾಗುವುದೇ ಜನ ಕಿರುಚಿದ ಮೇಲೆ.

ಇಳಿಯುವ ಹೀರೋಗಳ ಕಥೆ ಇನ್ನೊಂದು. "ಬಸ್ ಸ್ಲೋ ಆಗಿತ್ತು ಅಣ್ಣ" ಅನ್ನುತ್ತಾರೆ. ಎಷ್ಟು ಸ್ಲೋ? ಗಂಟೆಗೆ 20 ಕಿಲೋಮೀಟರ್ ಅಂದುಕೊಳ್ಳಿ. ಅಂದರೆ ಒಂದು ಸೆಕೆಂಡಿಗೆ ಐದೂವರೆ ಮೀಟರ್. ನಿಮ್ಮ ಮೈಯೂ ಅದೇ ಸ್ಪೀಡಿನಲ್ಲಿ ಓಡುತ್ತಿರುತ್ತದೆ. ಕಾಲು ನೆಲಕ್ಕೆ ತಾಗಿದ ತಕ್ಷಣ ಕಾಲು ನಿಲ್ಲುತ್ತದೆ, ಮೇಲಿನ ಅರ್ಧ ಮುಂದೆ ಹೋಗುತ್ತದೆ. ಅದರಲ್ಲೂ ಕೆಲವರು ಬಸ್ಸಿನ ಹಿಂಭಾಗಕ್ಕೆ ಮುಖ ಮಾಡಿ ಇಳಿಯುತ್ತಾರೆ. ಅವರು ಬೀಳುವುದು ಹಿಂದಲೆಯ ಮೇಲೆ. ಇದನ್ನು ಹೇಳಲು ಸೈನ್ಸ್ ಓದಿರಬೇಕಾಗಿಲ್ಲ. ಆದರೆ ನೋಡಿ, ಫುಟ್‌ಬೋರ್ಡಿನಲ್ಲಿ ಹಲಸಿನ ತೊಳೆ ಹಾಗೆ ಒಬ್ಬರಿಗೊಬ್ಬರು ಅಂಟಿಕೊಂಡು ಬರುವವರಲ್ಲಿ ಅರ್ಧ ಜನ ಸೈನ್ಸ್ ಸ್ಟೂಡೆಂಟ್ಸೇ!

ಅಂದ ಹಾಗೆ ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ. ಅದಕ್ಕೆ ಯಾವ ರಿಸ್ಕೂ ಇಲ್ಲ.

ಈಗ ಗಾಳಿ ವಿಷಯ. ಕಿಟಕಿ ಅಂತ ಒಂದು ವಸ್ತು ಇದೆ. ಅದನ್ನು ತೆಗೆಯಬಹುದು. ಬಸ್ಸಿನ ಮೇಲ್ಛಾವಣಿಯಲ್ಲೂ ಗಾಳಿಗೆ ಕಿಂಡಿ ಇರುತ್ತದೆ. 2025ರ ಜೂನ್ 9ರಂದು ಮುಂಬೈನ ಮುಂಬ್ರಾ ಹತ್ತಿರ ಲೋಕಲ್ ರೈಲುಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಜನ ಸತ್ತರು. ಆಮೇಲೆ ರೈಲ್ವೆಯವರು ಏನು ಹೇಳಿದರು ಗೊತ್ತಾ? ಅಲ್ಲಿನ ಹೊಸ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ ಅಂದರು. ಎಸಿ ಇಲ್ಲದ ರೈಲಿಗೂ. ಗಾಳಿಗೆ ಬಾಗಿಲಿನಲ್ಲೇ ಸೀಳು ಬಿಡುತ್ತೇವೆ, ಮೇಲೆ ಗಾಳಿ ಯಂತ್ರ ಇಡುತ್ತೇವೆ ಅಂದರು. ಮುಂಬೈ ಲೋಕಲ್ ರಶ್‌ಗೆ ಬಾಗಿಲು ಮುಚ್ಚುವ ಯೋಚನೆ ಬರಬಹುದಾದರೆ ನಮ್ಮ ಊರುಕೆರೆ ಬಸ್ಸಿಗೆ ಯಾಕೆ ಬರಬಾರದು?

ಇನ್ನೊಂದು ಕಾಮೆಂಟು. "ಎಲ್ಲಾ ಶಕ್ತಿ ಯೋಜನೆಯಿಂದ ಅಣ್ಣ. ಹೆಂಗಸರಿಗೆ ಫ್ರೀ ಬಿಟ್ಟರು, ನಾವು ಬಾಗಿಲಿಗೆ ಬಂದೆವು." ಆಹಾಹಾ! ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11. ಪಾವಗಡದ ಪಳವಳ್ಳಿ ಹತ್ತಿರ ಬಸ್ ಮಗುಚಿ ಬಿದ್ದಿದ್ದು 2022ರ ಮಾರ್ಚ್ 19. ಒಂದು ವರ್ಷಕ್ಕೂ ಮೊದಲು. ಅದೂ ಖಾಸಗಿ ಬಸ್ಸು, ಫ್ರೀ ಟಿಕೆಟ್ಟೇ ಇಲ್ಲದ್ದು. ಮಿತಿಮೀರಿ ಜನ ತುಂಬಿಕೊಂಡು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿತ್ತು. ಬೆಳಿಗ್ಗೆ ಕಾಲೇಜಿಗೆ ಹೊರಟ ಮಕ್ಕಳು ಅದರಲ್ಲಿದ್ದರು. ಸತ್ತವರಲ್ಲಿ ಆ ಮಕ್ಕಳೂ ಇದ್ದರು. ನಮ್ಮ ಜಿಲ್ಲೆಯಲ್ಲೇ ಆಗಿದ್ದು ಇದು. ಇದರಲ್ಲಿ ಜೋಕ್ ಮಾಡುವುದು ಏನೂ ಇಲ್ಲ, ಹಾಗಾಗಿ ಮುಂದೆ ಹೋಗುತ್ತೇನೆ.

ಬಾಗಿಲು ತುಂಬಿದೆ ಅಂದರೆ ಬಸ್ ತುಂಬಿದೆ ಅಂತ ಅರ್ಥ. ಮುಚ್ಚಲು ಆಗುತ್ತಿಲ್ಲ ಅಂದರೆ ಇನ್ನೊಬ್ಬರನ್ನು ಹತ್ತಿಸಬಾರದು ಅಂತ ಅರ್ಥ. ಎಷ್ಟು ಜನ ಜಾಸ್ತಿ ಆದರು ಅಂತ ತಿಳಿಯಲು ಇಷ್ಟು ಸುಲಭದ ಅಳತೆ ಇನ್ನೊಂದಿಲ್ಲ. ಬಾಗಿಲು ಹಾಕಿ ನೋಡಿ. ಬಿತ್ತಾ? ರೈಟ್ ರೈಟ್. ಬೀಳಲಿಲ್ವಾ? ಹೋಲ್ಡಾನ್.

ಮೊನ್ನೆ ಕೊರಟಗೆರೆ ಕಡೆ ಹೋಗುವ ಒಂದು ಬಸ್ ಹತ್ತಿದ್ದೆ. ಯಾವ ಬಸ್ಸು ಅಂತ ಹೇಳುವುದಿಲ್ಲ, ಕೇಳಬೇಡಿ. ಬಾಗಿಲನ್ನು ಪೂರ್ತಿ ಹಿಂದಕ್ಕೆ ಮಡಚಿ, ಪಕ್ಕದ ಕಂಬಿಗೆ ತಂತಿ ಸುತ್ತಿ ಕಟ್ಟಿದ್ದರು. ಹತ್ತಿರ ಹೋಗಿ ನೋಡಿದೆ. ತಂತಿಗೆ ತುಕ್ಕು ಹಿಡಿದಿದೆ. ತುಕ್ಕಿನ ಮೇಲೆ ನೀಲಿ ಪೇಂಟು. ನೀಲಿ ಎದ್ದಿರುವ ಕಡೆ ಕೆಳಗೆ ಹಸಿರು ಪೇಂಟು! ಅಂದರೆ ಬಸ್ಸಿಗೆ ಎರಡು ಸಲ ಬಣ್ಣ ಹೊಡೆದಿದ್ದಾರೆ, ಎರಡು ಸಲವೂ ತಂತಿ ಬಿಚ್ಚದೆ ಅದರ ಮೇಲೇ ಬ್ರಷ್ ಎಳೆದಿದ್ದಾರೆ. ಎಫ್‌ಸಿ, ಅಂದರೆ ಬಸ್ಸಿನ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಿದ ದಿನ ಆ ತಂತಿ ಎಲ್ಲಿತ್ತೋ ದೇವರೇ ಬಲ್ಲ. ಬಾಗಿಲ ಮೇಲ್ಗಡೆ ಚೆಂದದ ಅಕ್ಷರದಲ್ಲಿ "ಫುಟ್‌ಬೋರ್ಡಿನಲ್ಲಿ ನಿಲ್ಲಬೇಡಿ" ಅಂತ ಬರೆದಿದೆ. ಅದನ್ನು ಓದಲು ಅಡ್ಡ ಆಗಿದ್ದು ಏನು? ಫುಟ್‌ಬೋರ್ಡಿನಲ್ಲಿ ನಿಂತಿದ್ದ ಹುಡುಗನ ತಲೆ.

ಕ್ಲೀನರ್ ಹುಡುಗನನ್ನು ಕೇಳಿದೆ. "ಯಾಕಪ್ಪಾ, ಬಾಗಿಲು ಹಾಕಲ್ವಾ?" ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾಕ್ ಸಾರ್, ಚಳಿ ಆಯ್ತಾ?" ಅಂದ. ಆಮೇಲೆ ಬಸ್ಸಿನ ತಗಡಿಗೆ ಎರಡು ಏಟು ಹೊಡೆದು ರೈಟ್ ರೈಟ್ ಅಂದ.

ಕಾನೂನು ಇದೆ ಸ್ವಾಮೀ. 1988ರ ಮೋಟಾರು ವಾಹನ ಕಾಯ್ದೆಯ 123ನೇ ಸೆಕ್ಷನ್ ಓದಿ. ಫುಟ್‌ಬೋರ್ಡಿನಲ್ಲಿ ಜನರನ್ನು ಕರೆದುಕೊಂಡು ಹೋಗಬಾರದು ಅಂತ ಗಾಡಿಯವರಿಗೆ ಹೇಳುತ್ತದೆ. ಅಲ್ಲಿ, ಟಾಪ್ ಮೇಲೆ, ಬಾನೆಟ್ ಮೇಲೆ ಪ್ರಯಾಣ ಮಾಡಬಾರದು ಅಂತ ನಮಗೂ ಹೇಳುತ್ತದೆ. ಇಬ್ಬರದೂ ತಪ್ಪು. ರೈಲಿಗೂ ಇದೆ. 1989ರ ರೈಲ್ವೆ ಕಾಯ್ದೆಯ 156ನೇ ಸೆಕ್ಷನ್. ಸಿಬ್ಬಂದಿ ಬೇಡ ಅಂದ ಮೇಲೂ ಮೆಟ್ಟಿಲ ಮೇಲೆ, ಟಾಪ್ ಮೇಲೆ ಹೋದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೆಳಗಿನ ರೈಲಿಗೆ ಪಾಸ್ ತೆಗೆದುಕೊಂಡು ಬೆಂಗಳೂರಿಗೆ ಹೋಗುವ ನಮ್ಮ ಅಣ್ಣಂದಿರೇ, ಚಿಕ್ಕಬಾಣಾವರ ಬರುವ ಮೊದಲೇ ಬಾಗಿಲಿಗೆ ಬಂದು ಕಾಲು ಇಳಿಬಿಟ್ಟು ಕೂರುತ್ತೀರಲ್ಲಾ, ಯಶವಂತಪುರ ಎಲ್ಲಿಗೂ ಓಡಿಹೋಗುವುದಿಲ್ಲ.

"ನಮ್ಮ ಜನ ಬದಲಾಗಲ್ಲ ಸಾರ್" ಅಂತ ಒಬ್ಬರು ಬರೆದಿದ್ದಾರೆ. ಇದು ನನಗೆ ಬಹಳ ಇಷ್ಟವಾದ ಕಾಮೆಂಟು, ಯಾಕೆಂದರೆ ಇದು ಶುದ್ಧ ಸುಳ್ಳು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೋ ನಾಗಸಂದ್ರದಿಂದ ಮಾದಾವರದವರೆಗೆ ಬಂತು, ಅಲ್ವಾ? ನಮ್ಮ ತುಮಕೂರಿನವರು ಎಷ್ಟೋ ಜನ ಈಗ ಹೈವೇಯಲ್ಲಿ ಬಸ್ ಇಳಿದು ಅಲ್ಲೇ ಮೆಟ್ರೋ ಹತ್ತುತ್ತಾರೆ. ಅಲ್ಲಿ ನಿಂತು ನೋಡಿ. ದಾಬಸ್‌ಪೇಟೆವರೆಗೂ ಒಂದು ಕಾಲು ಬಸ್ಸಲ್ಲಿ, ಒಂದು ಕಾಲು ಗಾಳಿಯಲ್ಲಿ ಇಟ್ಟುಕೊಂಡು ಬಂದ ಅದೇ ಮನುಷ್ಯ, ಮಾದಾವರದ ಪ್ಲಾಟ್‌ಫಾರ್ಮಿನಲ್ಲಿ ಹಳದಿ ಗೆರೆ ಹಿಂದೆ ಕೈ ಕಟ್ಟಿ ನಿಂತಿರುತ್ತಾನೆ! ಎಷ್ಟು ಶಿಸ್ತು! ಯಾಕೆ? ಬಾಗಿಲು ಮುಚ್ಚದೆ ಮೆಟ್ರೋ ಹೊರಡುವುದಿಲ್ಲ. ಅಷ್ಟೇ ಕಾರಣ. ಮನುಷ್ಯ ಬದಲಾಗಲಿಲ್ಲ ಗುರುವೇ, ಬಾಗಿಲು ಬದಲಾಯಿತು.

ಇದನ್ನು ಬೇಕಾದರೆ ಕಟ್ ಮಾಡಿ ಸ್ಟೇಟಸ್ ಹಾಕಿಕೊಳ್ಳಿ. ಚಾನೆಲ್ ಹೆಸರು ಕಾಣುವ ಹಾಗೆ ಹಾಕಿ, ದಮ್ಮಯ್ಯ.

"ಬಾಗಿಲು ಬಿಡಿ, ಬಸ್ ಜಾಸ್ತಿ ಬಿಡಲು ಹೇಳಿ" ಅಂತ ಇನ್ನೊಬ್ಬರು. ಬಿಡಲಿ! ನಾನೇನು ಅಡ್ಡ ಮಲಗಿದ್ದೀನಾ? ಹತ್ತು ಬಸ್ ಬಿಟ್ಟು ಹತ್ತರ ಬಾಗಿಲೂ ತಂತಿ ಕಟ್ಟಿಕೊಂಡಿದ್ದರೆ ಏನು ಬಂತು? ಗುಬ್ಬಿ ಗೇಟ್‌ನಿಂದ ಹೆಗ್ಗೆರೆ ಕಡೆ ಹೋಗುವ ಬಸ್ಸು ನೋಡಿ. ಒಳಗೆ ಸೀಟ್ ಖಾಲಿ, ಬಾಗಿಲಲ್ಲಿ ಮಾತ್ರ ಹುಡುಗರು. ಅಲ್ಲಿ ಬಸ್ ಕಮ್ಮಿ ಇಲ್ಲ, ಕಾಲೇಜಿನ ಮುಂದೆ ಸ್ಟೈಲಾಗಿ ಹಾರಬೇಕು.

"ಡ್ರೈವರ್‌ಗೆ ಟೈಮಿಂಗ್ ಇರುತ್ತೆ, ಹಿಂದಿನ ಬಸ್ ಬಂದುಬಿಡುತ್ತೆ." ಬರಲಿ. ಅದರ ಬಾಗಿಲೂ ಮುಚ್ಚಿರಲಿ.

"ಪಿಕ್‌ಪಾಕೆಟ್ ಬಗ್ಗೆ ಹೇಳಿ ಅಣ್ಣ." ಪಿಕ್‌ಪಾಕೆಟ್ ಎಲ್ಲಿ ಆಗುತ್ತದೆ? ಹತ್ತುವಾಗ ನೂಕಾಟದಲ್ಲಿ. ಎಲ್ಲಿ? ಬಾಗಿಲಲ್ಲಿ! "ಹೆಣ್ಣುಮಕ್ಕಳಿಗೆ ಆಗುವ ಕಿರುಕುಳದ ಬಗ್ಗೆ ಹೇಳಿ." ಇದನ್ನು ತಮಾಷೆ ಮಾಡುವುದಿಲ್ಲ. ಅಕ್ಕ ತಂಗಿಯರೇ, ಬಸ್ಸಲ್ಲಿ ಆದರೆ 112, ರೈಲಲ್ಲಿ ಆದರೆ 139. ಫೋನಿನಲ್ಲಿ ಈಗಲೇ ಸೇವ್ ಮಾಡಿಕೊಳ್ಳಿ. ಜೋರಾಗಿ ಕೂಗಿ, ಕಂಡಕ್ಟರನ್ನು ಎಳೆದು ತನ್ನಿ. ಇದಕ್ಕೆ ಬೇರೆಯೇ ವಿಡಿಯೋ ಮಾಡುತ್ತೇನೆ, ನಾನು ಮಾತಾಡುವುದಕ್ಕಿಂತ ದಿನಾ ಓಡಾಡುವ ಹೆಣ್ಣುಮಕ್ಕಳನ್ನೇ ಕೂರಿಸಿ. ಆದರೆ ಒಂದು ಮಾತು. ಕೈ ಹಾಕುವವನು ನಿಲ್ಲುವ ಜಾಗ ಯಾವುದು? ಬಾಗಿಲ ಹತ್ತಿರ. ಇಳಿದು ಓಡಿಹೋಗಲು ಸುಲಭ. ಮುಚ್ಚಿ ಅದನ್ನ!

"ಅಣ್ಣನಿಗೆ ಕಾರಿದೆ, ಅದಕ್ಕೇ ಮಾತಾಡ್ತಾರೆ." ಕಾರಿದೆ ಕಣಪ್ಪಾ. ನಾಲ್ಕು ಬಾಗಿಲಿದೆ ಅದಕ್ಕೆ. ನಾಲ್ಕೂ ಮುಚ್ಚಿಕೊಂಡೇ ಓಡಿಸುವುದು.

"ಕೊರಟಗೆರೆ ಬಸ್ಸಿನ ಬಾಗಿಲು ಮುಚ್ಚಿದರೆ ಬಸ್ಸೇ ಉದುರಿಹೋಗುತ್ತೆ ಅಣ್ಣ, ಬಾಗಿಲೇ ಅದಕ್ಕೆ ಆಧಾರ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪಿನ್ ಮಾಡುತ್ತೇನೆ.

ಸಾಕು, ಗಂಟಲು ಕಟ್ಟಿತು. ಲೈಟ್ ಬೇರೆ ಮಿಣುಕುತ್ತಿದೆ. ಒಂದು ಕೆಲಸ ಮಾಡಿ. ನಿಮ್ಮ ಊರಿನ ಬಸ್ಸಿನ ಬಾಗಿಲು ಹೇಗಿದೆ ಅಂತ ಒಂದು ಫೋಟೋ ಕಳಿಸಿ. ತಂತಿ, ಹಗ್ಗ, ಹಳೇ ಟವಲ್, ಯಾವುದರಲ್ಲಿ ಕಟ್ಟಿದ್ದರೂ ಪರವಾಗಿಲ್ಲ. ಜನರ ಮುಖ ಬೇಡ, ಬಸ್ ಹೆಸರೂ ಬೇಡ, ಆಮೇಲೆ ನನ್ನ ಮನೆ ಮುಂದೆ ಯಾರಾದರೂ ಬಂದು ನಿಂತಾರು. ಒಳ್ಳೆಯದನ್ನು ಆರಿಸಿ ಮುಂದಿನ ವಾರ ತೋರಿಸುತ್ತೇನೆ. ಮತ್ತೆ, ಫೋಟೋ ತೆಗೆಯುವುದಾದರೆ ಬಸ್ ನಿಂತ ಮೇಲೆ ಕೆಳಗೆ ಇಳಿದು ತೆಗೆಯಿರಿ. ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಮೊಬೈಲ್ ಹಿಡಿದು ನೇತಾಡಿಕೊಂಡು ತೆಗೆದು, ಆಮೇಲೆ ಪೊಲೀಸರಿಗೆ ನನ್ನ ಹೆಸರು ಹೇಳಿದಿರೋ, ಬ್ಲಾಕ್ ಮಾಡುತ್ತೇನೆ.