ಮೂರು ಮಿಲಿಮೀಟರಿನ ಚಿನ್ನ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ತರಬೇತುದಾರರೇ, ಕೋಳಿ ಕೂಗುವ ಮೊದಲೇ ಮಕ್ಕಳನ್ನು ಎಬ್ಬಿಸಿ ಕೊಳಕ್ಕೆ ಕರೆತರುವ ತಂದೆ ತಾಯಂದಿರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ‘ಈಜು ಮತ್ತು ವಿಜ್ಞಾನ’ ಎಂದಿದೆ. ಅಷ್ಟು ಅಗಲದ ವಿಷಯಕ್ಕೆ ಕೈಹಾಕಿದರೆ ನೀವೂ ಮುಳುಗುತ್ತೀರಿ, ನಾನೂ ಮುಳುಗುತ್ತೇನೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು. ಈಗ ರಜಾದಿನಗಳಲ್ಲಿ ಸ್ಟಾಪ್‌ವಾಚ್ ಹಿಡಿದು ಲೇನಿನ ತುದಿಯಲ್ಲಿ ನಿಲ್ಲುವ ಕೆಲಸ. ಹಾಗಾಗಿ ಒಂದೇ ಒಂದು ಸ್ಪರ್ಧೆಯ ಕಥೆ ಹೇಳುತ್ತೇನೆ. ಆಮೇಲೆ ಅಳತೆಯ ಬಗ್ಗೆ ಸ್ವಲ್ಪ, ಕೊನೆಗೆ ನಮ್ಮ ಕೂಟಗಳ ಬಗ್ಗೆ ಸ್ವಲ್ಪ. ಕೊಟ್ಟಿರುವುದು ಮೂವತ್ತು ನಿಮಿಷ. ಮೇಷ್ಟ್ರಾಗಿದ್ದವರಿಗೆ ಮೂವತ್ತು ನಿಮಿಷ ಕೊಟ್ಟವರ ಧೈರ್ಯವನ್ನು ಮೆಚ್ಚಲೇಬೇಕು.

1972, ಮ್ಯೂನಿಕ್ ಒಲಿಂಪಿಕ್ಸ್. ಆ ಕೂಟದ ಹೆಸರೆತ್ತಿದರೆ ಎರಡು ಸಂಗತಿ ನೆನಪಾಗುತ್ತವೆ. ಒಂದು ಮಾರ್ಕ್ ಸ್ಪಿಟ್ಜ್ ಗೆದ್ದ ಏಳು ಚಿನ್ನ, ಇನ್ನೊಂದು ಇಸ್ರೇಲಿನ ಕ್ರೀಡಾಪಟುಗಳ ಹತ್ಯೆ. ನಾನು ಹೇಳಹೊರಟಿರುವುದು ಇವೆರಡರ ನಡುವೆ ಮರೆತುಹೋದ ಸ್ಪರ್ಧೆಯನ್ನು. ಆಗಸ್ಟ್ 30ರಂದು ನಡೆದ ಪುರುಷರ 400 ಮೀಟರ್ ವೈಯಕ್ತಿಕ ಮೆಡ್ಲೆಯ ಫೈನಲ್ ಅದು.

ಮೆಡ್ಲೆ ಎಂದರೇನೆಂದು ಈ ಸಭೆಗೆ ಹೇಳಬೇಕಾಗಿಲ್ಲ. ಮೊದಲು ಬಟರ್‌ಫ್ಲೈ, ಆಮೇಲೆ ಬ್ಯಾಕ್‌ಸ್ಟ್ರೋಕ್, ಆಮೇಲೆ ಬ್ರೆಸ್ಟ್‌ಸ್ಟ್ರೋಕ್, ಕೊನೆಗೆ ಫ್ರೀಸ್ಟೈಲ್, ಒಂದೊಂದೂ ನೂರು ಮೀಟರ್. ರಿಲೇಯಲ್ಲಿ ಈ ಕ್ರಮ ಬೇರೆ, ಅಲ್ಲಿ ಬ್ಯಾಕ್‌ಸ್ಟ್ರೋಕ್ ಮೊದಲು. ಕಾರಣ ಸರಳ: ಬ್ಯಾಕ್‌ಸ್ಟ್ರೋಕಿನವನು ನೀರಿನೊಳಗಿಂದಲೇ ಹೊರಡಬೇಕು, ಹಿಂದಿನವನು ಬಂದು ಗೋಡೆ ಮುಟ್ಟುವ ಜಾಗದಲ್ಲಿ ಅವನು ಕಾದು ನಿಲ್ಲಲಾಗುವುದಿಲ್ಲ. ಮೆಡ್ಲೆಯ ಸೊಗಸು ಏನೆಂದರೆ ಮುಂದಿದ್ದವನು ಹಿಂದಾಗುತ್ತಾನೆ, ಹಿಂದಿದ್ದವನು ಮುಂದಾಗುತ್ತಾನೆ. ಬಟರ್‌ಫ್ಲೈನಲ್ಲಿ ಹಾರಿದವನು ಬ್ರೆಸ್ಟ್‌ಸ್ಟ್ರೋಕಿನಲ್ಲಿ ಒದ್ದಾಡುತ್ತಾನೆ. ಒಬ್ಬನೊಳಗೇ ನಾಲ್ವರು ಈಜುಗಾರರಿರುತ್ತಾರೆ, ನಾಲ್ವರಿಗೂ ಹೊಂದಾಣಿಕೆ ಇರುವುದಿಲ್ಲ. ಫಲಿತಾಂಶದಲ್ಲಿ ಅಂತರ ದೊಡ್ಡದಾಗಿರುವುದೇ ವಾಡಿಕೆ.

ಮ್ಯೂನಿಕ್‌ಗೆ ಬರುವಾಗ ವಿಶ್ವದಾಖಲೆ ಇದ್ದದ್ದು ಅಮೆರಿಕದ ಗ್ಯಾರಿ ಹಾಲ್ ಹೆಸರಿನಲ್ಲಿ. ಮೊದಲಾರ್ಧದಲ್ಲಿ ಆತ ಎಲ್ಲರನ್ನೂ ಬಿಟ್ಟು ಹೋದ. ಬಟರ್‌ಫ್ಲೈ, ಬ್ಯಾಕ್‌ಸ್ಟ್ರೋಕ್ ಮುಗಿಯುವಾಗ ಚಿನ್ನ ಅವನ ಕುತ್ತಿಗೆಗೆ ಬಿದ್ದೇಬಿಟ್ಟಿತು ಎನ್ನುವಂತಿತ್ತು. ಬ್ರೆಸ್ಟ್‌ಸ್ಟ್ರೋಕ್ ಶುರುವಾದದ್ದೇ ಮೈ ಕೈಕೊಟ್ಟಿತು, ಕೊನೆಗೆ ಐದನೆಯವನಾದ. ಅವನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಅವನದೇ ತಂಡದ ಟಿಮ್ ಮೆಕೀ ಮುಂದೆ ಬಂದ. ಕೊನೆಯ ನೂರು ಮೀಟರಿನಲ್ಲಿ ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅವನ ಬೆನ್ನು ಹತ್ತಿದ. ಇಬ್ಬರೂ ಗೋಡೆ ಮುಟ್ಟಿದರು. ಫಲಕದ ಮೇಲೆ ಲಾರ್ಸನ್ 4:31.98, ಮೆಕೀ 4:31.98.

ಇಲ್ಲಿಗೆ ಕಥೆ ಮುಗಿಯಬೇಕಿತ್ತು ಎಂಬುದು ನನ್ನ ವಾದ. ಇಬ್ಬರಿಗೂ ಚಿನ್ನ ಕೊಟ್ಟು, ಎರಡು ರಾಷ್ಟ್ರಗೀತೆ ನುಡಿಸಿ, ಮೂರನೆಯವನಾದ ಹಂಗೇರಿಯ ಆಂಡ್ರಾಶ್ ಹಾರ್ಗಿತಾಯ್‌ಗೆ ಕಂಚು ಕೊಟ್ಟು ಮನೆಗೆ ಹೋಗಬೇಕಿತ್ತು. ಹಾಗಾಗಲಿಲ್ಲ. ಗಡಿಯಾರದ ಹೊಟ್ಟೆಯಲ್ಲಿ ಇನ್ನೂ ಒಂದು ಅಂಕಿ ಇತ್ತು. ಕೆಲವು ನಿಮಿಷ ಕಾಯಿಸಿ, ಅದನ್ನು ಹೊರಗೆಳೆದರು. ಲಾರ್ಸನ್ 4:31.981, ಮೆಕೀ 4:31.983. ಸೆಕೆಂಡಿನ ಸಾವಿರ ಭಾಗದಲ್ಲಿ ಎರಡು ಭಾಗ. ಚಿನ್ನ ಲಾರ್ಸನ್‌ಗೆ.

ಈಗ ಲೆಕ್ಕ ಮಾಡೋಣ. ಪೆನ್ನು ಬೇಡ, ಬಾಯಿಲೆಕ್ಕ ಸಾಕು. 400 ಮೀಟರಿಗೆ ಸುಮಾರು 272 ಸೆಕೆಂಡು, ಅಂದರೆ ಸೆಕೆಂಡಿಗೆ ಒಂದೂವರೆ ಮೀಟರಿಗೆ ತುಸು ಕಡಿಮೆ. ಎರಡು ಸಾವಿರಾಂಶ ಸೆಕೆಂಡಿನಲ್ಲಿ ಆ ವೇಗದವನು ಸಾಗುವ ದೂರ ಮೂರು ಮಿಲಿಮೀಟರ್. ನಾಲ್ಕು ನೂರು ಮೀಟರ್ ಈಜಿ, ಮೂರು ಮಿಲಿಮೀಟರಿನಲ್ಲಿ ಸೋಲು. ಉಗುರು ಕತ್ತರಿಸಿಕೊಳ್ಳದೆ ಬಂದಿದ್ದರೆ ಗೆಲ್ಲುತ್ತಿದ್ದನೇನೋ!

ನಗಬೇಡಿ, ಪ್ರಶ್ನೆ ಗಂಭೀರವಾದದ್ದು. ಗಡಿಯಾರಕ್ಕೆ ಸಾವಿರಾಂಶ ಗೊತ್ತು, ಒಪ್ಪಿದೆ. ಕೊಳಕ್ಕೆ ಗೊತ್ತೆ? ಲಾರ್ಸನ್ ಈಜಿದ ಲೇನಿನ ಗೋಡೆ ಬೇರೆ, ಮೆಕೀ ಈಜಿದ ಲೇನಿನ ಗೋಡೆ ಬೇರೆ. ಕಾಂಕ್ರೀಟ್ ಸುರಿದವನು ಗಾರೆಯವನು, ಟೈಲ್ ಕೂರಿಸಿದವನು ಇನ್ನೊಬ್ಬ. ಅಂತಾರಾಷ್ಟ್ರೀಯ ನಿಯಮವೇ ಬಹುಕಾಲ 50 ಮೀಟರ್ ಕೊಳದ ಒಂದು ಲೇನು ಮೂರು ಸೆಂಟಿಮೀಟರಿನವರೆಗೆ ಉದ್ದ ಹೆಚ್ಚಿರಬಹುದು ಎನ್ನುತ್ತಿತ್ತು. ಕಡಿಮೆ ಇರುವಂತಿಲ್ಲ, ಹೆಚ್ಚಿರಬಹುದು. 400 ಮೀಟರಿಗೆ ಎಂಟು ಸಲ ಆ ದೂರ. ಎಂಟು ಮೂರಲ ಇಪ್ಪತ್ತನಾಲ್ಕು ಸೆಂಟಿಮೀಟರ್! ಕೊಳಕ್ಕೆ ಒಂದು ಗೇಣಿನ ವಿನಾಯಿತಿ ಕೊಟ್ಟು, ಈಜುಗಾರನನ್ನು ಮಾತ್ರ ಮೂರು ಮಿಲಿಮೀಟರಿಗೆ ಹಿಡಿಯುವುದು ಯಾವ ನ್ಯಾಯ?

ಈಜುಗಾರನ ಕೈ ಒತ್ತಿದೊಡನೆ ಗಡಿಯಾರ ನಿಲ್ಲಿಸಲೆಂದು ಗೋಡೆಗೆ ನೇತುಹಾಕುವ ಟಚ್‌ಪ್ಯಾಡನ್ನು ಹತ್ತಿರದಿಂದ ನೋಡಿದ್ದೀರಲ್ಲ? ಹಳದಿ ಬಣ್ಣದ್ದು, ಅಂಚಿಗೆ ಕಪ್ಪು ಪಟ್ಟಿ, ಸುಮಾರು ಒಂದು ಸೆಂಟಿಮೀಟರ್ ದಪ್ಪ. ನೀರು ಬಡಿದರೆ ಅದು ಎಚ್ಚರಗೊಳ್ಳಬಾರದು, ಕೈ ಒತ್ತಿದರೆ ಎಚ್ಚರಗೊಳ್ಳಬೇಕು. ಕೈ ತಾಗಿದ ಕ್ಷಣಕ್ಕೂ ಒತ್ತಿದ ಕ್ಷಣಕ್ಕೂ ನಡುವೆ ಮೂರು ಮಿಲಿಮೀಟರಿನ ಜಾಗ ಇಲ್ಲವೆಂದು ಯಾರು ಆಣೆ ಮಾಡುತ್ತಾರೆ? ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಮೀಟರ್ ಪಟ್ಟಿಯಿಂದ ಅಳೆದು ಉತ್ತರದಲ್ಲಿ ದಶಮಾಂಶದ ಆರು ಅಂಕಿ ಬರೆದ ಹುಡುಗರಿಗೆ ನಾನು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದೆ. ಕ್ಯಾಲ್ಕ್ಯುಲೇಟರ್ ತೋರಿಸಿತು ಸಾರ್ ಎನ್ನುತ್ತಿದ್ದರು. ಕ್ಯಾಲ್ಕ್ಯುಲೇಟರ್ ತೋರಿಸುತ್ತದಪ್ಪ, ಪಟ್ಟಿಗೆ ಗೊತ್ತಿರಬೇಕಲ್ಲ!

ಒಂದು ಮಾತು ಸ್ಪಷ್ಟಪಡಿಸುತ್ತೇನೆ, ಲಾರ್ಸನ್ ಮೇಲೆ ನನಗೆ ಎಳ್ಳಷ್ಟೂ ಅಸಮಾಧಾನವಿಲ್ಲ. ಅದೇ ಕೂಟದ 200 ಮೀಟರ್ ಮೆಡ್ಲೆಯಲ್ಲಿ ಆತ 2:07.17ರ ವಿಶ್ವದಾಖಲೆಯೊಂದಿಗೆ ಗೆದ್ದ. ಎರಡನೆಯವನು ಯಾರು? ಮೆಕೀಯೇ. ಅಲ್ಲಿ ಅಂತರ ಒಂದು ಸೆಕೆಂಡಿಗಿಂತ ಹೆಚ್ಚು, ಯಾರಿಗೂ ತಕರಾರಿರಲಿಲ್ಲ. 1976ರಲ್ಲಿ ಮಾಂಟ್ರಿಯಲ್‌ಗೆ ಹೋದ ಮೆಕೀಗೆ 400 ಮೆಡ್ಲೆಯಲ್ಲಿ ಮತ್ತೆ ಬೆಳ್ಳಿ, ಈ ಸಲ ತನ್ನದೇ ದೇಶದ ರಾಡ್ ಸ್ಟ್ರಾಚನ್ ಹಿಂದೆ. ಮೂರು ಬೆಳ್ಳಿ, ಚಿನ್ನ ಇಲ್ಲ. ಅದರಲ್ಲಿ ಎರಡು ಬೆಳ್ಳಿ ನಿಜವಾದ ಬೆಳ್ಳಿ. ಇನ್ನೊಂದು ಅರ್ಧ ಚಿನ್ನ ಎಂದೇ ನನ್ನ ನಂಬಿಕೆ.

ಅಂತಾರಾಷ್ಟ್ರೀಯ ಈಜು ಒಕ್ಕೂಟಕ್ಕೂ ಆಮೇಲೆ ಇದು ಹೊಳೆಯಿತು. ನೂರಾಂಶಕ್ಕೆ ನಿಲ್ಲಿಸಬೇಕು, ಅಲ್ಲಿ ಸಮವಾದರೆ ಸಮವೇ ಎಂದು ನಿಯಮ ಮಾಡಿದರು. ಇದರ ಫಲ ನೋಡಿ. 1984ರ ಲಾಸ್ ಏಂಜಲಿಸ್‌ನಲ್ಲಿ ಮಹಿಳೆಯರ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ಕ್ಯಾರಿ ಸ್ಟೈನ್‌ಸೈಫರ್, ನ್ಯಾನ್ಸಿ ಹಾಗ್ಸ್‌ಹೆಡ್ ಇಬ್ಬರದೂ 55.92, ಇಬ್ಬರಿಗೂ ಚಿನ್ನ. 2016ರ ರಿಯೊದಲ್ಲಿ ಪುರುಷರ 100 ಮೀಟರ್ ಬಟರ್‌ಫ್ಲೈನಲ್ಲಿ ಫೆಲ್ಪ್ಸ್, ಲೆ ಕ್ಲೋಸ್, ಚೆಹ್ ಮೂವರದೂ 51.14, ಮೂವರಿಗೂ ಬೆಳ್ಳಿ. ಒಂದೇ ಮೆಟ್ಟಿಲ ಮೇಲೆ ಮೂವರು ಒತ್ತಿಕೊಂಡು ನಿಂತಿದ್ದ ಆ ಚಿತ್ರ ನೋಡಿ. ಯಾರ ಮುಖದಲ್ಲಾದರೂ ಅನ್ಯಾಯವಾಯಿತೆಂಬ ಭಾವ ಇದೆಯೇ?

ಈಗ ಗ್ಯಾರಿ ಹಾಲ್ ಹೆಸರು ಮತ್ತೆ ಬರುತ್ತದೆ ಎಂದಿದ್ದೆ. 2000ದ ಸಿಡ್ನಿ ಒಲಿಂಪಿಕ್ಸ್, ಪುರುಷರ 50 ಮೀಟರ್ ಫ್ರೀಸ್ಟೈಲ್ ಫೈನಲ್. ಇಬ್ಬರು ಅಮೆರಿಕನ್ನರು ಒಂದೇ ಸಮಯಕ್ಕೆ ಮುಟ್ಟಿದರು, 21.98. ಒಬ್ಬ ಆಂಟನಿ ಅರ್ವಿನ್. ಇನ್ನೊಬ್ಬ ಗ್ಯಾರಿ ಹಾಲ್ ಜೂನಿಯರ್, ಮ್ಯೂನಿಕ್‌ನಲ್ಲಿ ಮುಂದಿದ್ದು ಐದನೆಯವನಾದ ಆ ಗ್ಯಾರಿ ಹಾಲ್‌ನ ಮಗ. ಅಪ್ಪ 1968, 1972, 1976 ಮೂರೂ ಒಲಿಂಪಿಕ್ಸ್‌ಗಳಲ್ಲಿ ಪದಕ ಗೆದ್ದರೂ ಚಿನ್ನ ಸಿಗಲಿಲ್ಲ. ಅಪ್ಪ ಈಜಿದ ಸ್ಪರ್ಧೆಯಿಂದಾಗಿ ಬದಲಾದ ನಿಯಮದ ಕೆಳಗೆ ಮಗನಿಗೆ ವೈಯಕ್ತಿಕ ಚಿನ್ನ ಬಂತು. ಮ್ಯೂನಿಕ್‌ನ ಹಳೆಯ ಪದ್ಧತಿ ಮುಂದುವರಿದಿದ್ದರೆ ಸಿಡ್ನಿಯಲ್ಲೂ ಮೂರನೆಯ ಅಂಕಿ ಹುಡುಕಿ ಒಬ್ಬನನ್ನು ಕೆಳಗಿಳಿಸುತ್ತಿದ್ದರು.

ಹಿಂದಿನ ಸಾಲಿನಲ್ಲಿ ಯಾರೋ ಕೈ ಎತ್ತಿದ್ದಾರೆ. ಕೇಳಿ... ಹೌದು, ಒಳ್ಳೆಯ ಪ್ರಶ್ನೆ. ಅಥ್ಲೆಟಿಕ್ಸ್‌ನಲ್ಲಿ ಸಾವಿರಾಂಶ ನೋಡುತ್ತಾರಲ್ಲ ಎನ್ನುತ್ತಿದ್ದಾರೆ. 2024ರ ಪ್ಯಾರಿಸ್‌ನ 100 ಮೀಟರ್ ಓಟದಲ್ಲಿ ನೋವಾ ಲೈಲ್ಸ್ 9.784, ಕಿಶೇನ್ ಥಾಂಪ್ಸನ್ 9.789. ನೋಡುತ್ತಾರೆ, ನಿಜ. ಆದರೆ ಅಲ್ಲಿ ಎಲ್ಲರಿಗೂ ಒಂದೇ ಗೆರೆ, ಒಂದೇ ಕ್ಯಾಮೆರಾ. ಇಲ್ಲಿ ಎಂಟು ಗೋಡೆ, ಎಂಟು ಪ್ಯಾಡು. ಇನ್ನು, ನಮ್ಮ ಪಿ.ಟಿ. ಉಷಾ ಲಾಸ್ ಏಂಜಲಿಸ್‌ನಲ್ಲಿ ನೂರಾಂಶದಲ್ಲಿ ಕಂಚು ಕಳೆದುಕೊಂಡದ್ದು ನನ್ನ ತಲೆಮಾರಿನವರ ಎದೆಯಲ್ಲಿ ಇಂದಿಗೂ ಚುಚ್ಚುತ್ತದೆ. ಆದರೂ ಅದು ಸರಿಯಾದ ಫಲಿತಾಂಶ. ನನ್ನ ತಕರಾರು ಸಣ್ಣ ಅಂತರದ ಮೇಲಲ್ಲ. ಅಳೆಯಲಾಗದ್ದನ್ನು ಅಳೆದೆವೆಂದು ಹೇಳಿಕೊಳ್ಳುವುದರ ಮೇಲೆ.

ಇನ್ನೂ ಚುರುಕಾದವರು ಕೇಳಬಹುದು, ಕೊಳದ ಮೂರು ಸೆಂಟಿಮೀಟರ್ ಲೆಕ್ಕ ಹಿಡಿದರೆ ನೂರಾಂಶವೂ ನಿಲ್ಲುವುದಿಲ್ಲವಲ್ಲ ಎಂದು. ನಿಲ್ಲುವುದಿಲ್ಲ! ಒಳ್ಳೆಯ ಕೊಳಗಳನ್ನು ಅದಕ್ಕಿಂತ ಬಿಗಿಯಾಗಿ ಕಟ್ಟುತ್ತಾರೆ ಎಂಬುದಷ್ಟೇ ಸಮಾಧಾನ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಆದರೆ ಸ್ಪರ್ಧೆಗೆ ಮೊದಲೇ ಎಳೆಯಬೇಕು. ಮುಗಿದ ಮೇಲೆ ಗೆದ್ದವನನ್ನು ಹುಡುಕಲು ಹೊಸ ಗೆರೆ ಎಳೆಯಬಾರದು.

2019ರಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಕ್ರಿಕೆಟ್ ವಿಶ್ವಕಪ್ ಫೈನಲ್ ನೆನಪಿದೆಯಲ್ಲ? ಪಂದ್ಯ ಸಮ, ಸೂಪರ್ ಓವರ್ ಸಮ. ಬೌಂಡರಿ ಎಣಿಸಿ ಇಂಗ್ಲೆಂಡಿಗೆ ಕಪ್ ಕೊಟ್ಟರು. ಅಲ್ಲಿ ಗೆರೆ ಮೊದಲೇ ಇತ್ತು, ಆದರೆ ಎಂಥ ಗೆರೆ! ಅದೇ ವರ್ಷ ಆ ನಿಯಮವನ್ನು ತೆಗೆದುಹಾಕಿದರು. ನಮ್ಮ ಪ್ರವೇಶ ಪರೀಕ್ಷೆಗಳು ಇನ್ನೂ ಮುಂದೆ ಹೋಗಿವೆ, ಜೆಇಇ ಪರ್ಸೆಂಟೈಲಿಗೆ ದಶಮಾಂಶದ ಏಳು ಅಂಕಿ. ಅದರ ಬಗ್ಗೆ ಶುರು ಮಾಡಿದರೆ ಅಧ್ಯಕ್ಷರು ಮೈಕ್ ಕಿತ್ತುಕೊಳ್ಳುತ್ತಾರೆ, ಬಿಡಿ.

ಚೀಟಿ ಬಂತು. ಐದು ನಿಮಿಷ ಎಂದು ಬರೆದಿದ್ದಾರೆ.

ಈ ಹಟ ನನಗೇಕೆ ಹತ್ತಿತೆಂದು ಹೇಳಿಬಿಡುತ್ತೇನೆ. ಈಚೆಗೆ ಒಂದು ಕೂಟದಲ್ಲಿ, ಯಾವ ಊರು ಎಂದು ಕೇಳಬೇಡಿ, ಹುಡುಗರ 200 ಮೀಟರ್ ಮೆಡ್ಲೆಯಲ್ಲಿ ಇಬ್ಬರು ಸಮವಾಗಿ ಮುಟ್ಟಿದರು. ಸ್ಟಾಪ್‌ವಾಚ್ ಹಿಡಿದು ಕೈಯಿಂದ ಮಾಡುವ ಕಾಲಮಾಪನ. ಪ್ರತಿ ಲೇನಿಗೆ ಮೂವರು ನಿಂತಿದ್ದೆವು, ನಿಯಮದಂತೆ ನಡುವಿನ ಸಮಯ ತೆಗೆದೆವು, ಎರಡೂ ಒಂದೇ. ವ್ಯವಸ್ಥಾಪಕರ ಬಳಿ ಚಿನ್ನದ ಪದಕ ಒಂದೇ ಇತ್ತು. ಜನ್ಮದಿನಾಂಕ ನೋಡಿ ಕಿರಿಯವನಿಗೆ ಕೊಟ್ಟರು! ಹಿರಿಯವನು ಹುಟ್ಟಿದ್ದು ಹನ್ನೊಂದು ದಿನ ಮುಂಚೆ. ಅವನ ತಾಯಿ ನನ್ನ ಹತ್ತಿರ ಬಂದು, “ಸಾರ್, ನನ್ನ ಮಗ ಹನ್ನೊಂದು ದಿನದಲ್ಲಿ ಸೋತನಾ?” ಎಂದು ಕೇಳಿದರು. ಉತ್ತರ ಕೊಡಲು ನನ್ನಲ್ಲಿ ಭೌತಶಾಸ್ತ್ರ ಇರಲಿಲ್ಲ.

ಹಾಗಾಗಿ ಮೂರನೆಯ ಭಾಗ ಎರಡೇ ಮಾತಿನಲ್ಲಿ. ಪದಕ ಮಾಡಿಸುವಾಗ ಪ್ರತಿ ಬಣ್ಣದ್ದೂ ಒಂದೆರಡು ಹೆಚ್ಚು ಮಾಡಿಸಿ, ಖಜಾಂಚಿಗಳು ಮುಖ ತಿರುಗಿಸಬಾರದು. ಫೈನಲ್‌ಗೆ ಎಂಟನೆಯ ಸ್ಥಾನಕ್ಕೆ ಇಬ್ಬರು ಸಮವಾದರೆ ಮತ್ತೊಮ್ಮೆ ಈಜಿಸಿ. ದೊಡ್ಡ ಕೂಟಗಳಲ್ಲೂ ಅದೇ ನಿಯಮ. ಗಡಿಯಾರವನ್ನು ಮತ್ತೆ ಹಿಂಡುವುದಕ್ಕಿಂತ ಮಕ್ಕಳು ಮತ್ತೆ ಈಜುವುದು ಒಳ್ಳೆಯದು.

ಬೆಂಗಳೂರಿನ ಈಜುಗಾರರಾದ ರೆಹಾನ್ ಪೊಂಚಾ, ಶ್ರೀಹರಿ ನಟರಾಜ್ ಬಗ್ಗೆ, ಫ್ರಾನ್ಸಿನ ಮಾರ್ಶಾನ್ ಜಪಾನಿನ ಫುಕುವೊಕಾದಲ್ಲಿ 4:02.50ಕ್ಕೆ ಇಳಿಸಿದ 400 ಮೆಡ್ಲೆ ವಿಶ್ವದಾಖಲೆಯ ಬಗ್ಗೆ ಹೇಳುವುದಿತ್ತು, ಅಂದರೆ ಲಾರ್ಸನ್‌ಗಿಂತ 29 ಸೆಕೆಂಡು ಬೇಗ. ಬಿಡಿ, ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಮುಂದಿನ ಸಾಲಿನ ಮಕ್ಕಳಿಗೆ ಮಾತ್ರ ಒಂದು ವಿಷಯ. 2008ರ ಬೀಜಿಂಗ್‌ನ 100 ಮೀಟರ್ ಬಟರ್‌ಫ್ಲೈನಲ್ಲಿ ಮುಂದಿದ್ದವನು ಮಿಲೊರಾಡ್ ಚಾವಿಚ್. ಕೊನೆಯಲ್ಲಿ ಕೈ ಚಾಚಿ ತೇಲಿಕೊಂಡು ಬಂದ. ಫೆಲ್ಪ್ಸ್ ಇನ್ನೊಂದು ಅರ್ಧ ಸ್ಟ್ರೋಕ್ ಎಳೆದು ಪ್ಯಾಡಿಗೆ ಗುದ್ದಿದ. 50.58, 50.59. ನೀವು ಕೊನೆಯ ಐದು ಮೀಟರಿನಲ್ಲಿ ತಲೆ ಎತ್ತಿ ಅಮ್ಮ ಎಲ್ಲಿದ್ದಾಳೆಂದು ನೋಡುವುದನ್ನು ನಾನು ಪ್ರತಿ ಕೂಟದಲ್ಲೂ ನೋಡುತ್ತಿದ್ದೇನೆ. ಅಮ್ಮ ಎಲ್ಲೂ ಹೋಗುವುದಿಲ್ಲ. ತಲೆ ತಗ್ಗಿಸಿ, ಗೋಡೆಗೆ ಗುದ್ದಿ.

ನಮಸ್ಕಾರ.