ಕಡತದ ಮುಂದೆ ಮೊದಲ ಮೂರು ವರ್ಷ: ಕಾನೂನು ವಿದ್ಯಾರ್ಥಿಗಳಿಗೆ ವೃತ್ತಿಯ ಬಗ್ಗೆ ಕೆಲವು ಮಾತು

ಮಾನ್ಯ ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಪ್ರೀತಿಯ ವಿದ್ಯಾರ್ಥಿಗಳೇ,

ಅಂತಿಮ ವರ್ಷದ ವಿದ್ಯಾರ್ಥಿಗಳು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: ವಕೀಲಿಕೆಗೆ ಇಳಿಯುವುದೋ, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವುದೋ, ಯಾವುದಾದರೂ ಕಂಪನಿಯ ಕಾನೂನು ವಿಭಾಗ ಸೇರುವುದೋ? ಎಲ್ಲವೂ ಗೌರವದ ದಾರಿಗಳೇ. ಸರ್ಕಾರಿ ಅಭಿಯೋಜಕರ ಹುದ್ದೆ, ಅಧ್ಯಾಪನ, ಸಂಶೋಧನೆಗಳೂ ಹಾಗೆಯೇ. ಆದರೂ ಇಂದು ನಾನು ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಕಳೆಯುವ ಮೊದಲ ಮೂರು ವರ್ಷಗಳ ಬಗ್ಗೆಯೇ ಮಾತನಾಡಬೇಕೆಂದಿದ್ದೇನೆ. ಮುಂದೆ ನೀವು ಎಲ್ಲಿಗೆ ಹೋದರೂ ನಿಮ್ಮ ಕೆಲಸದ ಗುಣ ರೂಪುಗೊಳ್ಳುವುದು ಆ ಅವಧಿಯಲ್ಲಿ. ನ್ಯಾಯಾಧೀಶರಾಗ ಬಯಸುವವರಿಗಂತೂ ಅದನ್ನು ಬಿಟ್ಟು ಹೋಗುವ ದಾರಿ ಈಗ ಉಳಿದಿಲ್ಲ.

2025ರ ಮೇ 20ರಂದು ಸುಪ್ರೀಂ ಕೋರ್ಟು ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ, ಸಿವಿಲ್ ನ್ಯಾಯಾಧೀಶರ ಆರಂಭಿಕ ಹುದ್ದೆಗೆ ಅರ್ಜಿ ಹಾಕುವವರಿಗೆ ಕನಿಷ್ಠ ಮೂರು ವರ್ಷಗಳ ವಕೀಲಿಕೆಯ ಅನುಭವ ಬೇಕೆಂಬ ನಿಯಮವನ್ನು ಮತ್ತೆ ಜಾರಿಗೆ ತಂದಿತು. ಮತ್ತೆ ಎಂದೆ, ಏಕೆಂದರೆ ಇದೇ ನಿಯಮ 1993ರ ತೀರ್ಪಿನಲ್ಲಿ ಇತ್ತು. ಆಮೇಲೆ ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರ ಅಧ್ಯಕ್ಷತೆಯ ಮೊದಲ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಶಿಫಾರಸನ್ನು ಅನುಸರಿಸಿ 2002ರಲ್ಲಿ ಅದನ್ನು ಕೈಬಿಡಲಾಯಿತು. ಪ್ರತಿಭಾವಂತ ಪದವೀಧರರು ಮೂರು ವರ್ಷ ವಕೀಲಿಕೆ ಮಾಡಿದ ಮೇಲೆ ನ್ಯಾಯಾಂಗ ಸೇವೆಯತ್ತ ತಿರುಗುತ್ತಿಲ್ಲ ಎಂಬ ಕಳವಳ ಆ ಶಿಫಾರಸಿನ ಹಿಂದಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಅನುಭವದ ಬಳಿಕ, ನ್ಯಾಯಾಲಯದ ಒಳಗಿನ ನಡವಳಿಕೆಯನ್ನೇ ಕಾಣದವರು ನೇರವಾಗಿ ಪೀಠ ಏರುವುದರಿಂದ ತೊಂದರೆಯಾಗುತ್ತಿದೆ ಎಂದು ಹೈಕೋರ್ಟುಗಳು ಹೇಳಿದವು. ಈಗಿನ ನಿಯಮದಂತೆ ಅನುಭವದ ಅವಧಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ ಆದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ನ್ಯಾಯಮೂರ್ತಿಗಳ ಬಳಿ ಕಾನೂನು ಗುಮಾಸ್ತರಾಗಿ ಕಳೆದ ಕಾಲವನ್ನೂ ಸೇರಿಸಬಹುದು. ಆದರೆ ಹತ್ತು ವರ್ಷ ಸೇವೆ ಪೂರೈಸಿದ ವಕೀಲರೊಬ್ಬರು ನಿಮ್ಮ ಅನುಭವವನ್ನು ಪ್ರಮಾಣೀಕರಿಸಬೇಕು, ಅದಕ್ಕೆ ಸ್ಥಳೀಯ ಪ್ರಧಾನ ನ್ಯಾಯಾಧಿಕಾರಿಯ ಅನುಮೋದನೆ ಬೇಕು. ಹೆಸರು ನೋಂದಾಯಿಸಿ ಕೋಚಿಂಗ್ ಕೇಂದ್ರದಲ್ಲಿ ಕುಳಿತವರಿಗೆ ಅಂಥ ಪ್ರಮಾಣಪತ್ರಕ್ಕೆ ಸಹಿ ಹಾಕುವ ಹಿರಿಯರು ಇದ್ದರೆ ಅವರು ತಪ್ಪು ಮಾಡುತ್ತಿದ್ದಾರೆ, ಕೇಳುವವರೂ ತಪ್ಪು ಮಾಡುತ್ತಿದ್ದಾರೆ. ನ್ಯಾಯಾಧೀಶರಾಗಬೇಕೆಂದು ಹೊರಟವರ ಮೊದಲ ದಾಖಲೆಯೇ ಸುಳ್ಳಾಗಬಾರದು.

ನೋಂದಣಿಯ ವಿಷಯವನ್ನು ಬೇಗ ಮುಗಿಸುತ್ತೇನೆ. 2024ರ ಜುಲೈ 30ರ ಗೌರವ್ ಕುಮಾರ್ ಪ್ರಕರಣದ ತೀರ್ಪಿನ ಪ್ರಕಾರ ರಾಜ್ಯ ವಕೀಲರ ಪರಿಷತ್ತುಗಳು 1961ರ ವಕೀಲರ ಅಧಿನಿಯಮ ನಿಗದಿಪಡಿಸಿದ ಶುಲ್ಕಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ. ಸಾಮಾನ್ಯ ವರ್ಗಕ್ಕೆ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ನೋಂದಣಿಯ ನಂತರ ಅಖಿಲ ಭಾರತ ವಕೀಲರ ಪರೀಕ್ಷೆ ಇದ್ದೇ ಇದೆ. ಅದರ ಸಿಂಧುತ್ವವನ್ನು ಸಂವಿಧಾನ ಪೀಠ 2023ರ ಫೆಬ್ರುವರಿಯಲ್ಲಿ ಎತ್ತಿಹಿಡಿದಿದೆ. ತರಗತಿಯಲ್ಲಿ ಅಧಿನಿಯಮಗಳ ಮೂಲಪಾಠವನ್ನೇ ಓದಿದವರಿಗೆ ಆ ಪರೀಕ್ಷೆ ಭಾರವಲ್ಲ.

ನಿಜವಾಗಿ ಯೋಚಿಸಬೇಕಾದದ್ದು ಯಾವ ಹಿರಿಯರ ಕಚೇರಿ ಸೇರಬೇಕು ಎಂಬುದನ್ನು. ಹೆಸರು ದೊಡ್ಡದಿದೆಯೇ ಎಂದಷ್ಟೇ ನೋಡಬೇಡಿ. ಆ ಕಚೇರಿಯಲ್ಲಿ ಸಾಕ್ಷಿ ವಿಚಾರಣೆ ನಡೆಯುವ ಪ್ರಕರಣಗಳು ಇವೆಯೇ, ಕಿರಿಯರು ಕರಡು ಬರೆದರೆ ಹಿರಿಯರು ಅದನ್ನು ತಿದ್ದುತ್ತಾರೆಯೇ, ಕಕ್ಷಿದಾರರ ಜೊತೆಗಿನ ಮಾತುಕತೆಗೆ ನಿಮ್ಮನ್ನು ಕೂರಿಸಿಕೊಳ್ಳುತ್ತಾರೆಯೇ, ಹೆಣ್ಣುಮಕ್ಕಳಿಗೆ ಅಲ್ಲಿ ಗೌರವದಿಂದ, ನಿರ್ಭಯವಾಗಿ ಕೆಲಸ ಮಾಡುವ ವಾತಾವರಣ ಇದೆಯೇ ಎಂದು ಮೊದಲೇ ವಿಚಾರಿಸಿ. ಹಣದ ಮಾತನ್ನೂ ಸಂಕೋಚವಿಲ್ಲದೆ ಆಡಿ. ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಪ್ರದೇಶದಲ್ಲಿ 15,000 ರೂಪಾಯಿ ಗೌರವಧನವನ್ನು ಕಿರಿಯರಿಗೆ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ನೀಡಿತು. ಅದು ಸಲಹೆ ಮಾತ್ರ, ಕಡ್ಡಾಯವಲ್ಲ. ಮೂರು ವರ್ಷ ಮನೆಯವರ ಆಸರೆಯಲ್ಲಿ ನಡೆಸಬಲ್ಲವರಿಗೂ ಊರಿನಿಂದ ಬಂದು ಬಾಡಿಗೆ ಕೋಣೆಯಲ್ಲಿ ಇರುವವರಿಗೂ ಈ ವೃತ್ತಿ ಒಂದೇ ರೀತಿ ಕಾಣುವುದಿಲ್ಲ ಎಂಬುದನ್ನು ನನ್ನ ಪೀಳಿಗೆಯ ವಕೀಲರು ಒಪ್ಪಿಕೊಂಡು ಜೇಬಿಗೆ ಕೈ ಹಾಕದಿದ್ದರೆ, ಮೂರು ವರ್ಷದ ನಿಯಮ ಬಡವರ ಮಕ್ಕಳನ್ನೇ ಪೀಠದಿಂದ ದೂರ ಇಡುತ್ತದೆ. ಈ ಮಾತನ್ನು ನಾನು ವೇದಿಕೆಯಲ್ಲಿರುವ ಹಿರಿಯರಿಗೂ ಹೇಳುತ್ತಿದ್ದೇನೆ.

ಕಚೇರಿ ಸೇರಿದ ಮೇಲೆ ಏನು ಕಲಿಯಬೇಕು? ಕಡತ ಓದುವುದನ್ನು ಕಲಿಯಬೇಕು. ವಾದ ಮಾಡುವುದು ಆಮೇಲಿನ ಮಾತು. ನಮ್ಮ ಸಿವಿಲ್ ನ್ಯಾಯಾಲಯಗಳಲ್ಲಿ ದಿನವೂ ಕಾಣುವ ಪಾಲು ವಿಭಾಗದ ದಾವೆಯನ್ನೇ ತೆಗೆದುಕೊಳ್ಳಿ. ಮಗಳೊಬ್ಬಳು ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೇಳುತ್ತಾಳೆ. ಅಣ್ಣತಮ್ಮಂದಿರು, ಪಾಲು ಎಂದೋ ಆಗಿಹೋಗಿದೆ ಎನ್ನುತ್ತಾರೆ. ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿ ಮತ್ತು 2020ರ ವಿನೀತಾ ಶರ್ಮಾ ಪ್ರಕರಣದ ತೀರ್ಪು ನಿಮಗೆ ತರಗತಿಯಿಂದಲೇ ಗೊತ್ತು: ಮಗಳ ಹಕ್ಕು ಹುಟ್ಟಿನಿಂದ ಬರುತ್ತದೆ, ತಂದೆ ತಿದ್ದುಪಡಿಯ ದಿನ ಬದುಕಿರಬೇಕೆಂದಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ಆದ ವಿಭಾಗಗಳನ್ನು ಕಾನೂನು ಅಲುಗಾಡಿಸುವುದಿಲ್ಲ. ಆ ವಿಭಾಗ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆಗಿರಬೇಕು. ಬಾಯಿಮಾತಿನ ವಿಭಾಗವನ್ನು ಒಪ್ಪಬೇಕಾದರೆ ಸಾರ್ವಜನಿಕ ದಾಖಲೆಗಳ ಬಲವಾದ ಆಧಾರ ಬೇಕು, ಅದೂ ಅಪರೂಪದ ಸಂದರ್ಭದಲ್ಲಿ ಮಾತ್ರ. ಇಷ್ಟು ಕಾನೂನು. ಇನ್ನು ಕಡತಕ್ಕೆ ಬನ್ನಿ. ಅದರಲ್ಲಿ ಒಂದು ಹಳೆಯ ಪಾಲುಪಟ್ಟಿ ಇರುತ್ತದೆ, ನೋಂದಣಿ ಆಗಿರುವುದಿಲ್ಲ. ಅದರ ದಿನಾಂಕ ಯಾವುದು? ಅದರ ಆಧಾರದ ಮೇಲೆ ಮ್ಯುಟೇಷನ್, ಅಂದರೆ ಕಂದಾಯ ದಾಖಲೆಯಲ್ಲಿ ಹೆಸರಿನ ಬದಲಾವಣೆ, ಆಗಿದೆಯೇ? ಆ ವರ್ಷದಿಂದ ಪಹಣಿಯ ಕಾಲಂಗಳಲ್ಲಿ ಹೆಸರುಗಳು ಬೇರೆಬೇರೆ ಆದವೇ? ಜಮೀನು ಅಳೆದು ಭಾಗಗಳನ್ನು ಬೇರ್ಪಡಿಸುವ ಪೋಡಿ ಆಗಿ ನಕ್ಷೆ ಬದಲಾಯಿತೇ? ಬೇರೆಯಾದವರು ತಮ್ಮ ತಮ್ಮ ಪಾಲಿನ ಮೇಲೆ ಪ್ರತ್ಯೇಕವಾಗಿ ಸಾಲ ಪಡೆದಿದ್ದರೆ ಋಣಭಾರ ಪತ್ರದಲ್ಲಿ ಅದು ಕಾಣುತ್ತದೆಯೇ? ಈ ಪ್ರಶ್ನೆಗಳನ್ನು ಕೇಳಿಕೊಂಡು, ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ನಕಲು ಅರ್ಜಿ ಹಾಕಿ, ಹಳೆಯ ಕೈಬರಹದ ಪುಟಗಳನ್ನು ತಾಳ್ಮೆಯಿಂದ ಓದಿದ ಕಿರಿಯ ವಕೀಲರು ಪಾಟೀಸವಾಲಿನ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ, ಅರ್ಧ ಕೆಲಸವನ್ನು ಅಲ್ಲಿಯೇ ಮುಗಿಸಿರುತ್ತಾರೆ. ಯಾವ ಪಕ್ಷದ ಪರ ಇದ್ದರೂ ಓದಬೇಕಾದ ದಾಖಲೆ ಅದೇ.

ಇದಕ್ಕೆ ಕನ್ನಡ ಬೇಕು. ಕಂದಾಯ ದಾಖಲೆಗಳ ಕನ್ನಡ, ಸಾಕ್ಷಿಯ ಬಾಯಿಂದ ಬರುವ ಕನ್ನಡ, ಪೊಲೀಸ್ ಪಂಚನಾಮೆಯ ಕನ್ನಡ ಎಲ್ಲವೂ ಬೇರೆಬೇರೆ. ಸಾಕ್ಷಿ ಆಡಿದ ಮಾತನ್ನು ತಪ್ಪಾಗಿ ಇಂಗ್ಲಿಷಿಗೆ ತಿರುಗಿಸಿದರೆ ಮೇಲ್ಮನವಿಯಲ್ಲಿ ಆ ತಪ್ಪೇ ಸತ್ಯವಾಗಿ ನಿಲ್ಲುತ್ತದೆ. ಹೈಕೋರ್ಟಿನ ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಕೆಲಸ ಮಾಡಲು ಸ್ಪಷ್ಟವಾದ ಇಂಗ್ಲಿಷೂ ಬೇಕು. ಎರಡೂ ಭಾಷೆಗಳಲ್ಲಿ ಚಿಕ್ಕ, ನೇರ ವಾಕ್ಯಗಳ ವಾದಪತ್ರ ಬರೆಯುವ ಅಭ್ಯಾಸವನ್ನು ಈಗಲೇ ಮಾಡಿಕೊಳ್ಳಿ. ಕಚೇರಿಯ ಗುಮಾಸ್ತರಿಂದ, ನ್ಯಾಯಾಲಯದ ಶಿರಸ್ತೇದಾರರಿಂದ ಕಲಿಯುವುದು ಬೇಕಾದಷ್ಟಿದೆ. ಅವರನ್ನು ಗೌರವದಿಂದ ಮಾತನಾಡಿಸಿ.

ಇನ್ನು ವೃತ್ತಿಧರ್ಮ. ಅದು ನೀತಿಯ ಪತ್ರಿಕೆಯಲ್ಲಿ ಉತ್ತರ ಬರೆದು ಮರೆಯುವ ವಿಷಯವಲ್ಲ, ಪ್ರತಿದಿನ ಮೇಜಿನ ಮೇಲೆ ಬರುವ ವಿಷಯ. ಕಕ್ಷಿದಾರರು ನಿಮ್ಮ ಕೈಗೆ ಕೊಡುವುದು ಮೂರನ್ನು: ಕಾಗದ, ಹಣ, ಗುಟ್ಟು. ಕಾಗದದ ಬಗ್ಗೆ 2000ನೇ ಇಸವಿಯ ಆರ್.ಡಿ. ಸಕ್ಸೇನಾ ಪ್ರಕರಣವನ್ನು ಪೂರ್ತಿ ಓದಿ. ಮಧ್ಯಪ್ರದೇಶದ ಸಹಕಾರಿ ಬ್ಯಾಂಕೊಂದರ ವಕೀಲರು, ತಮಗೆ ಶುಲ್ಕ ಬಾಕಿ ಇದೆ ಎಂದು ಕಡತಗಳನ್ನು ಹಿಂತಿರುಗಿಸದೆ ಹಿಡಿದಿಟ್ಟುಕೊಂಡಿದ್ದರು. ಬಾಕಿ ಶುಲ್ಕಕ್ಕೆ ಕಡತವನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ, ಶುಲ್ಕ ಬೇಕಿದ್ದರೆ ಕಾನೂನಿನ ಬೇರೆ ದಾರಿ ಹಿಡಿಯಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಕಕ್ಷಿದಾರರು ವಕೀಲರನ್ನು ಬದಲಿಸಿದಾಗ ನಮ್ಮ ಸ್ವಾಭಿಮಾನಕ್ಕೆ ಪೆಟ್ಟಾಗುವುದು ಸಹಜ. ಆದರೂ ಕಡತ ಅವರದು, ಅದೇ ದಿನ ಕೊಟ್ಟು ಕಳುಹಿಸಿ. ಹಣದ ವಿಷಯದಲ್ಲಿ ವಕೀಲರ ಪರಿಷತ್ತಿನ ನಿಯಮ ಸ್ಪಷ್ಟ: ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಗೆದ್ದರೆ ಇಷ್ಟು ಪಾಲು ಎಂದು ಶುಲ್ಕ ಗೊತ್ತುಮಾಡಿಕೊಳ್ಳಬಾರದು. ಅಪಘಾತದ ಪರಿಹಾರದ ಪ್ರಕರಣಗಳಲ್ಲಿ ಈ ನಿಯಮ ಮುರಿಯುವ ಆಸೆ ಹೆಚ್ಚು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಬಂದ ಪರಿಹಾರದಲ್ಲಿ ಶೇಕಡಾವಾರು ಪಾಲು ಕೇಳುವುದನ್ನು ನಾನು ಎಂದೂ ಸಮರ್ಥಿಸಲಾರೆ. ಗುಟ್ಟಿನ ರಕ್ಷಣೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 132ನೇ ಕಲಮಿನಲ್ಲಿದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಕ್ಷಿದಾರರ ಹೆಸರು ಸಹಿತ ಸಲಹೆ ಕೇಳುವ ಕಿರಿಯರು ಆ ಕಲಮನ್ನು ಮತ್ತೊಮ್ಮೆ ಓದಬೇಕು.

ಜಾಹೀರಾತಿನ ನಿಷೇಧವೂ ಇದಕ್ಕೆ ಸೇರಿದ್ದೇ. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದ ಅಡಿ ವಕೀಲರು ಕೆಲಸ ಕೇಳಿಕೊಂಡು ಹೋಗುವಂತಿಲ್ಲ, ತಮ್ಮ ಪ್ರಚಾರ ಮಾಡಿಕೊಳ್ಳುವಂತಿಲ್ಲ. 2008ರ ತಿದ್ದುಪಡಿಯ ನಂತರ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಕೆಲಸ ಮಾಡುವ ಕ್ಷೇತ್ರ ಇಂಥ ಕೆಲವೇ ವಿವರಗಳನ್ನು ಜಾಲತಾಣದಲ್ಲಿ ಹಾಕಬಹುದು. ಕಾನೂನಿನ ತಿಳಿವಳಿಕೆ ಹಂಚುವ ವಿಡಿಯೊ ಬೇರೆ, ನ್ಯಾಯಾಲಯದ ಮೆಟ್ಟಿಲ ಮೇಲೆ ನಿಂತು ಜಾಮೀನು ಕೊಡಿಸಿದ ಹೆಮ್ಮೆಯ ರೀಲ್ಸ್ ಬೇರೆ.

ನ್ಯಾಯಾಲಯಕ್ಕೆ ಸಲ್ಲಿಸುವ ತೀರ್ಪುಗಳ ವಿಷಯದಲ್ಲಿ ಒಂದು ಎಚ್ಚರಿಕೆ. 2024ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಒಂದು ಆದೇಶದಲ್ಲಿ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳು ಉಲ್ಲೇಖಗೊಂಡು, ಆ ಆದೇಶವನ್ನು ಕೆಲವೇ ದಿನಗಳಲ್ಲಿ ಹಿಂಪಡೆಯಲಾಯಿತು. 2023ರಲ್ಲಿ ನ್ಯೂಯಾರ್ಕಿನ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ಸಲ್ಲಿಸಿ 5,000 ಡಾಲರ್ ದಂಡ ತೆತ್ತರು. ಯಂತ್ರ ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಆದರೆ ಮೂಲ ತೀರ್ಪನ್ನು ಸ್ವತಃ ತೆರೆದು, ನಿಮಗೆ ಬೇಕಾದ ಪ್ಯಾರಾದ ಜೊತೆಗೆ ನಿಮಗೆ ವಿರುದ್ಧವಾಗಿ ಹೋಗುವ ಪ್ಯಾರಾವನ್ನೂ ಓದಿ, ಅದು ಮುಂದೆ ರದ್ದಾಗಿದೆಯೇ ಎಂದು ನೋಡಿದ ಮೇಲೆಯೇ ಅದರ ಹೆಸರು ಎತ್ತಿ. ವಕೀಲರು ಹೇಳಿದ್ದು ನಿಜವೇ ಎಂದು ಪ್ರತಿ ಬಾರಿ ಪರೀಕ್ಷಿಸುತ್ತ ಕೂರಲು ನ್ಯಾಯಾಧೀಶರಿಗೆ ವೇಳೆ ಇರುವುದಿಲ್ಲ. ಒಮ್ಮೆ ಆ ನಂಬಿಕೆ ಹೋದರೆ ನಿಮ್ಮ ಸರಿಯಾದ ವಾದವನ್ನೂ ಅನುಮಾನದಿಂದ ಕೇಳುತ್ತಾರೆ, ಅದರ ನಷ್ಟ ಬೀಳುವುದು ನಿಮ್ಮ ಕಕ್ಷಿದಾರರ ಮೇಲೆ.

ಇವೆಲ್ಲಕ್ಕೂ ನೀವು ವಕೀಲಿಕೆಯ ಪರವಾನಗಿಯಾದ ಸನ್ನದು ಬರುವವರೆಗೆ ಕಾಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಈ ಮಾತು ಬಹಳ ಹಳ್ಳಿಗಳಿಗೆ ಇನ್ನೂ ತಲುಪಿಲ್ಲ. ಕಾನೂನು ವಿದ್ಯಾರ್ಥಿಗಳು ಅರೆಕಾಲಿಕ ಕಾನೂನು ಸ್ವಯಂಸೇವಕರಾಗಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಕೆಲಸ ಮಾಡಬಹುದು. ನಿಮ್ಮ ಕಾಲೇಜಿನ ಕಾನೂನು ನೆರವು ಘಟಕ ಮುಂದಿನ ಶಿಬಿರಕ್ಕೆ ಹೊರಟಾಗ ಭಾಷಣದ ಜೊತೆಗೆ ಅರ್ಜಿ ನಮೂನೆಗಳನ್ನೂ ಒಯ್ಯಿರಿ. ಬಂದವರ ಪಹಣಿ, ಪಡಿತರ ಚೀಟಿ, ಹಳೆಯ ನೋಟಿಸುಗಳನ್ನು ಓದಿ, ಅವರ ಮಾತು ಪೂರ್ತಿ ಕೇಳಿ, ಅರ್ಜಿಯನ್ನು ಅಲ್ಲಿಯೇ ಕುಳಿತು ಭರ್ತಿ ಮಾಡಿ ಸಮಿತಿಗೆ ತಲುಪಿಸಿ. ಮುಂದಿನ ವಾಯಿದೆಯ ದಿನ ಅವರ ಪ್ರಕರಣ ಏನಾಯಿತೆಂದು ನ್ಯಾಯಾಲಯಕ್ಕೆ ಹೋಗಿ ನೋಡಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.